ಮೋಟರ್ ಮೇಲೆ 1440 ಅಂತ ಯಾಕೆ ಬರೆದಿರುತ್ತದೆ? ವೈಂಡಿಂಗ್ ಅಂಗಡಿಯಿಂದ ಟೆಸ್ಲಾ ಕಥೆ

ಮೋಟರಿನ ಮೈಮೇಲೆ ಒಂದು ತಗಡಿನ ಪಟ್ಟಿ ಹೊಡೆದಿರುತ್ತಾರೆ. ಎಚ್‌ಪಿ, ವೋಲ್ಟ್, ಆಂಪ್ಸ್ ಎಲ್ಲ ಅದರಲ್ಲಿರುತ್ತದೆ. ಜೊತೆಗೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು, 1440 ಅಂತ ಇರುತ್ತದೆ. ಹುಬ್ಬಳ್ಳಿಯ ನಮ್ಮ ವೈಂಡಿಂಗ್ ಅಂಗಡಿಗೆ ಕೆಲಸ ಕಲಿಯಲು ಬರುವ ಐಟಿಐ ಹುಡುಗರಿಗೆ ಇದೊಂದು ತಲೆನೋವು. "ಸರ, ನಾಕ ಪೋಲಿನ ಮೋಟರ್ 1500 ತಿರಗಬೇಕಂತ ಓದೇವ್ರಿ. ಇದ್ಯಾಕ 60 ಕಡಿಮಿ ಐತಿ? ಕಂಪನಿಯವ್ರು ಮೋಸ ಮಾಡ್ಯಾರೇನ್ರಿ?"

ಮೋಸ ಏನೂ ಇಲ್ಲ. ಆ 60 ಸುತ್ತು ಹಿಂದೆ ಬೀಳುವುದರಿಂದಲೇ ಮೋಟರ್ ತಿರುಗುತ್ತದೆ. ಇದನ್ನು ಬಿಡಿಸಿ ಹೇಳಬೇಕಾದರೆ ಈ ಜಾತಿಯ ಮೋಟರ್ ರೂಪಿಸಿದ ನಿಕೋಲಾ ಟೆಸ್ಲಾನ ಹತ್ತಿರ ಹೋಗಬೇಕು.

ಈಗ ಟೆಸ್ಲಾ ಅಂದರೆ ಜನರಿಗೆ ನೆನಪಾಗುವುದು ಕಾರು. ಇಲ್ಲವಾದರೆ ಮೊಬೈಲ್‌ನಲ್ಲಿ ಬರುವ ವಿಡಿಯೋ. ಆತ ಪುಕ್ಕಟೆ ಕರೆಂಟ್ ಕಂಡುಹಿಡಿದಿದ್ದನಂತೆ, ದೊಡ್ಡವರು ಮುಚ್ಚಿಹಾಕಿದರಂತೆ. ಅದನ್ನು ನೋಡಿ, ತನ್ನ ಕರೆಂಟನ್ನು ತಾನೇ ಮಾಡಿಕೊಂಡು ಓಡುವ ಮೋಟರ್ ಕಟ್ಟಿಕೊಡಿ ಅಂತ ಅಂಗಡಿಗೆ ಬರುವವರೂ ಇದ್ದಾರೆ. ನನಗೆ ಬೇಜಾರು ಇಷ್ಟೇ. ಆತ ಮಾಡದ ಕೆಲಸಕ್ಕೆ ಚಪ್ಪಾಳೆ ಹೊಡೆಯುತ್ತೇವೆ, ಮಾಡಿದ ಕೆಲಸ ಹೊಲದಲ್ಲಿ, ಗಿರಣಿಯಲ್ಲಿ ದಿನಾ ಕಣ್ಣೆದುರಿಗೇ ತಿರುಗುತ್ತಿದ್ದರೂ ನೋಡುವುದಿಲ್ಲ.

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಈಗ ಕ್ರೊಯೇಷಿಯಾ ದೇಶದಲ್ಲಿದೆ. ತಂದೆ ಸರ್ಬಿಯನ್ ಆರ್ಥೊಡಾಕ್ಸ್ ಚರ್ಚಿನ ಪಾದ್ರಿ. ಹುಡುಗ ಗ್ರಾಜ್ ಊರಿನ ಪಾಲಿಟೆಕ್ನಿಕ್ ಸೇರಿದ. ಅಲ್ಲಿ ಗ್ರಾಮ್ ಎಂಬವನು ರೂಪಿಸಿದ ಡೈನಮೋ, ಅಂದರೆ ಕರೆಂಟ್ ಹುಟ್ಟಿಸುವ ಯಂತ್ರ, ಇತ್ತು. ಅದನ್ನೇ ಮೋಟರ್ ಮಾಡಿ ಓಡಿಸಿ ತೋರಿಸುವಾಗ ಬ್ರಷ್ ಹತ್ತಿರ ಕಿಡಿ ಹಾರುತ್ತಿತ್ತು. ಈ ಬ್ರಷ್ಷೇ ಇಲ್ಲದೆ ಮೋಟರ್ ಓಡಿಸಬಹುದಲ್ಲ ಅಂತ ಹುಡುಗ ಹೇಳಿದ. ಪ್ರೊಫೆಸರ್ ಪೋಶ್ಲ್ ಇಡೀ ಕ್ಲಾಸಿನ ಮುಂದೆ ಅದು ಆಗದ ಮಾತು ಅಂತ ವಿವರಿಸಿದರು.

ಬ್ರಷ್ ಏನು ತೊಂದರೆ ಕೊಡುತ್ತದೆ ಅಂತ ತಿಳಿಯಲು ಗ್ರಾಜ್‌ಗೆ ಹೋಗಬೇಕಿಲ್ಲ. ಮನೆಯ ಮಿಕ್ಸಿ ಓಡುವಾಗ ಲೈಟ್ ಆರಿಸಿ, ಗಾಳಿ ಕಿಂಡಿಯಲ್ಲಿ ಇಣುಕಿ ನೋಡಿ. ನೀಲಿ ಕಿಡಿ ಕಾಣುತ್ತದೆ. ಮಿಕ್ಸಿಯಲ್ಲಿ, ಡ್ರಿಲ್ ಮಷಿನ್ನಿನಲ್ಲಿ ತಿರುಗುವ ಭಾಗಕ್ಕೂ ಕರೆಂಟ್ ಕೊಡಬೇಕು. ತಿರುಗುವುದಕ್ಕೆ ವೈರ್ ಕಟ್ಟಿದರೆ ಸುತ್ತಿಕೊಂಡು ಹರಿದೇ ಹೋಗುತ್ತದೆ. ಅದಕ್ಕೆ ಎರಡು ಕಾರ್ಬನ್ ತುಂಡುಗಳನ್ನು ಸ್ಪ್ರಿಂಗ್ ಕೊಟ್ಟು, ತಾಮ್ರದ ಪಟ್ಟಿಗಳ ಕಮ್ಯುಟೇಟರ್ ಮೇಲೆ ಒತ್ತಿ ಹಿಡಿದಿರುತ್ತಾರೆ. ಉಜ್ಜಿ ಉಜ್ಜಿ ಕಾರ್ಬನ್ ಸವೆಯುತ್ತದೆ, ಕಮ್ಯುಟೇಟರ್ ಗುಳಿ ಬೀಳುತ್ತದೆ, ಪುಡಿ ಒಳಗೆಲ್ಲ ತುಂಬುತ್ತದೆ. ಮಿಕ್ಸಿ ದಿನಕ್ಕೆ ಹತ್ತು ನಿಮಿಷ ಓಡುತ್ತದೆ, ನಡೆಯುತ್ತದೆ. ಹತ್ತು ತಾಸು ಓಡುವ ಹಿಟ್ಟಿನ ಗಿರಣಿಗೆ? ಧೂಳು, ಕಿಡಿ ಎರಡೂ ಸೇರಿದರೆ ಏನಾಗುತ್ತದೆ ಅಂತ ಹತ್ತಿಯ ಜಿನ್ನಿಂಗ್ ಮಿಲ್ಲಿನವರನ್ನು ಕೇಳಿ.

ದಾರಿ ಹೊಳೆದದ್ದು 1882ರಲ್ಲಿ. ಬುಡಾಪೆಸ್ಟ್‌ನ ಪಾರ್ಕಿನಲ್ಲಿ ಗೆಳೆಯನ ಜೊತೆ ಕವಿತೆ ಹೇಳಿಕೊಂಡು ನಡೆಯುತ್ತಿದ್ದಾಗ ಹೊಳೆಯಿತು, ಕೋಲು ತೆಗೆದುಕೊಂಡು ಮರಳಿನ ಮೇಲೆ ಚಿತ್ರ ಬರೆದೆ ಅಂತ ಟೆಸ್ಲಾ ಮುಂದೆ ಹೇಳಿಕೊಂಡಿದ್ದಾನೆ. ಆತನಿಗೆ ಹೊಳೆದದ್ದು ಇದು. ತಿರುಗುವ ಭಾಗಕ್ಕೆ ಕರೆಂಟ್ ಕೊಡುವುದೇ ಬೇಡ. ಹೊರಗೆ ಸುಮ್ನೆ ಕೂತಿರುವ ಕಾಯಿಲ್‌ಗಳಲ್ಲಿ ಅಯಸ್ಕಾಂತದ ಸೆಳೆತವನ್ನೇ ಸುತ್ತ ತಿರುಗಿಸಿದರೆ, ಒಳಗಿನ ರೋಟರ್ ಅದರ ಬೆನ್ನು ಹತ್ತುತ್ತದೆ.

ಕೂತ ಕಾಯಿಲ್‌ನಲ್ಲಿ ಸೆಳೆತ ತಿರುಗುವುದು ಹೇಗೆ? ನಮ್ಮ ಮೂರು ಫೇಸಿನ ಲೈನ್ ನೋಡಿ. ಮೂರರಲ್ಲೂ ಕರೆಂಟ್ ಏರಿಳಿಯುತ್ತದೆ, ಆದರೆ ಒಟ್ಟಿಗೆ ಅಲ್ಲ. ಒಂದು ತುದಿ ಮುಟ್ಟಿ ಇಳಿಯುವಾಗ ಇನ್ನೊಂದು ಏರುತ್ತಿರುತ್ತದೆ, ಆಮೇಲೆ ಮೂರನೆಯದು. ಆ ಮೂರನ್ನು ಸ್ಟೇಟರಿನ, ಅಂದರೆ ತಿರುಗದ ಹೊರಭಾಗದ, ಸ್ಲಾಟ್‌ಗಳಲ್ಲಿ ಸಾಲಾಗಿ ಕೂರಿಸಿದರೆ ಸೆಳೆತ ಒಂದು ಕಾಯಿಲ್‌ನಿಂದ ಪಕ್ಕದ ಕಾಯಿಲ್‌ಗೆ ದಾಟುತ್ತಾ ಸುತ್ತು ಹೊಡೆಯುತ್ತದೆ. ಸೆಕೆಂಡಿಗೆ 50 ಸಲ ಏರಿಳಿಯುವ 50 ಸೈಕಲ್ ಕರೆಂಟ್, ಅಯಸ್ಕಾಂತದ ನಾಲ್ಕು ಧ್ರುವ ಅಂದರೆ ನಾಲ್ಕು ಪೋಲ್ ಇದ್ದರೆ ನಿಮಿಷಕ್ಕೆ 1500 ಸುತ್ತು. ಎರಡು ಪೋಲ್ ಆದರೆ 3000. ರೋಟರಿನಲ್ಲಿ ಇರುವುದು ಕಬ್ಬಿಣದ ತೆಳು ತಗಡುಗಳ ಲ್ಯಾಮಿನೇಷನ್, ಅದರೊಳಗೆ ಅಲ್ಯೂಮಿನಿಯಂ ಸರಳುಗಳು, ಎರಡೂ ತುದಿಗೆ ಅವನ್ನು ಜೋಡಿಸುವ ಬಳೆ. ಒಂದು ವೈರ್ ಕೂಡ ಅದಕ್ಕೆ ಹೋಗುವುದಿಲ್ಲ. ತಿರುಗುವ ಸೆಳೆತ ಸರಳುಗಳನ್ನು ಹಾಯ್ದು ಹೋಗುವಾಗ ಅವುಗಳಲ್ಲಿ ತಾನಾಗಿಯೇ ಕರೆಂಟ್ ಹುಟ್ಟುತ್ತದೆ (ಇದಕ್ಕೇ ಇಂಡಕ್ಷನ್ ಅನ್ನುವುದು), ಹುಟ್ಟಿದ ಕರೆಂಟೇ ರೋಟರನ್ನು ಎಳೆದೊಯ್ಯುತ್ತದೆ.

ಮೊಂಡು ಎತ್ತಿನ ಮುಂದೆ ಮೇವಿನ ಸೂಡು ಹಿಡಿದು ನಡೆಯುತ್ತಾರಲ್ಲ, ಹಾಗೆ. ಎತ್ತಿಗೆ ಮೇವು ಸಿಕ್ಕರೆ ಅದು ಅಲ್ಲೇ ನಿಂತು ತಿನ್ನುತ್ತದೆ, ಬಂಡಿ ಮುಂದೆ ಹೋಗುವುದಿಲ್ಲ. ರೋಟರ್ ಕೂಡ 1500 ಮುಟ್ಟಿಬಿಟ್ಟರೆ ಸೆಳೆತ ಸರಳುಗಳನ್ನು ಹಾಯುವುದು ನಿಲ್ಲುತ್ತದೆ, ಕರೆಂಟ್ ಹುಟ್ಟುವುದಿಲ್ಲ, ಎಳೆತ ಹೋಯಿತು. ಅದಕ್ಕೇ ಯಾವಾಗಲೂ ಸ್ವಲ್ಪ ಹಿಂದೆ ಇರಬೇಕು. ನಾವು ಇದನ್ನು ಸ್ಲಿಪ್ ಅನ್ನುತ್ತೇವೆ. ಲೋಡ್ ಇಲ್ಲದೆ ಓಡಿಸಿ, ಸುತ್ತು ಅಳೆಯುವ ಟ್ಯಾಕೋಮೀಟರ್ ಹಿಡಿದರೆ 1490ರ ಮೇಲೇ ತೋರಿಸುತ್ತದೆ. ಪೂರ್ತಿ ಲೋಡ್ ಬಿದ್ದಾಗ ಹೆಚ್ಚು ಎಳೆತ ಬೇಕು, ಇನ್ನಷ್ಟು ಹಿಂದೆ ಬೀಳುತ್ತದೆ. 1440 ಅಂತ ಬರೆದಿರುವುದು ಆ ಲೆಕ್ಕ.

ಟೆಸ್ಲಾ 1884ರಲ್ಲಿ ನ್ಯೂಯಾರ್ಕ್‌ಗೆ ಹೋದ. ಎಡಿಸನ್ ಕಂಪನಿಯಲ್ಲಿ ಕೆಲವು ತಿಂಗಳು ಕೆಲಸ ಮಾಡಿ ಬಿಟ್ಟ. ನಡುವೆ ಕೂಲಿ ಮಾಡಿ, ಕಾಲುವೆ ಅಗೆದು ಹೊಟ್ಟೆ ಹೊರೆದ ಕಾಲವೂ ಇತ್ತು. 1888ರ ಮೇ 1ರಂದು ಮೋಟರಿನ ಪೇಟೆಂಟ್‌ಗಳು ಸಿಕ್ಕವು. ಅದೇ ತಿಂಗಳು 16ಕ್ಕೆ ಅಮೆರಿಕದ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಭೆಯಲ್ಲಿ ಅದನ್ನು ವಿವರಿಸಿದ. ಕೆಲವೇ ವಾರಗಳಲ್ಲಿ ಅಮೆರಿಕದ ಉದ್ಯಮಿ ಜಾರ್ಜ್ ವೆಸ್ಟಿಂಗ್‌ಹೌಸ್ ಪೇಟೆಂಟ್ ಹಕ್ಕು ತೆಗೆದುಕೊಂಡ. ಒಪ್ಪಂದದ ಪ್ರಕಾರ ಪ್ರತಿ ಎಚ್‌ಪಿಗೆ ಎರಡೂವರೆ ಡಾಲರ್ ರಾಯಲ್ಟಿ. ಮುಂದೆ ಕಂಪನಿ ಕಷ್ಟದಲ್ಲಿದ್ದಾಗ ಟೆಸ್ಲಾ ಆ ರಾಯಲ್ಟಿಯನ್ನು ಬಿಟ್ಟುಕೊಟ್ಟ. ಅದು ಕೈಯಲ್ಲೇ ಇದ್ದಿದ್ದರೆ ಕೊನೆಗಾಲದಲ್ಲಿ ಹೋಟೆಲ್ ಬಾಡಿಗೆಗೆ ಪರದಾಡುವ ಗತಿ ಬರುತ್ತಿರಲಿಲ್ಲವೇನೋ.

ಹೀಗೆ ಏರಿಳಿಯುವ ಕರೆಂಟಿಗೆ ಎಸಿ ಅನ್ನುತ್ತಾರೆ. ಆ ಎಸಿ ಕರೆಂಟನ್ನೇ ಟೆಸ್ಲಾ ಕಂಡುಹಿಡಿದ ಅನ್ನುವುದು ತಪ್ಪು. ಎಸಿ ಮೊದಲೇ ಇತ್ತು, ಟ್ರಾನ್ಸ್‌ಫಾರ್ಮರ್ ಕೂಡ ಇತ್ತು. ಎಸಿಯಲ್ಲಿ ನೆಟ್ಟಗೆ ಓಡುವ ಮೋಟರ್ ಇರಲಿಲ್ಲ. ಅದರಲ್ಲೂ ಆತ ಒಬ್ಬನೇ ಅಲ್ಲ. ಇಟಲಿಯ ಗೆಲಿಲಿಯೊ ಫೆರಾರಿಸ್ ತನ್ನಷ್ಟಕ್ಕೆ ತಾನು ಇದೇ ತತ್ವ ಕಂಡುಕೊಂಡು, 1888ರ ಮಾರ್ಚ್‌ನಲ್ಲೇ ಪ್ರಕಟಿಸಿದ್ದ. ಟೆಸ್ಲಾ, ವೆಸ್ಟಿಂಗ್‌ಹೌಸ್ ಕಡೆಯವರು ಹೆಚ್ಚಾಗಿ ಎರಡು ಫೇಸಿನಲ್ಲೇ ಕೆಲಸ ಮಾಡುತ್ತಿದ್ದರು. ಜರ್ಮನಿಯ ಎಇಜಿ ಕಂಪನಿಯಲ್ಲಿದ್ದ ಮಿಖಾಯಿಲ್ ಡೊಲಿವೊ-ಡೊಬ್ರೊವೊಲ್ಸ್ಕಿ 1889ರಲ್ಲಿ ಮೂರು ಫೇಸಿನ, ಸರಳುಗಳ ರೋಟರಿನ ಮೋಟರ್ ಮಾಡಿದ. ನಮ್ಮ ಟೇಬಲ್ ಮೇಲೆ ಬಿಚ್ಚಿಟ್ಟಿರುವ ಮೋಟರ್ ರೂಪದಲ್ಲಿ ಹೆಚ್ಚು ಹೋಲುವುದು ಅವನದನ್ನೇ. ಹಾಗಂತ ಟೆಸ್ಲಾನ ಬೆಲೆ ನನ್ನ ಲೆಕ್ಕದಲ್ಲಿ ಕಡಿಮೆಯಾಗುವುದಿಲ್ಲ. ಫೆರಾರಿಸ್ ತನ್ನ ಮೋಟರ್ ದೊಡ್ಡ ಕೆಲಸಕ್ಕೆ ಬಾರದು ಅಂದುಕೊಂಡಿದ್ದ. ಟೆಸ್ಲಾ ಮೋಟರ್, ಜನರೇಟರ್, ಲೈನ್ ಎಲ್ಲವನ್ನೂ ಸೇರಿಸಿ ಒಂದೇ ವ್ಯವಸ್ಥೆಯಾಗಿ ಕಂಡ. ಊರಿಗೆ ಕರೆಂಟ್ ಬರುವುದು ದೀಪಕ್ಕಷ್ಟೇ ಅಲ್ಲ, ದುಡಿಮೆಗೆ ಅಂತ ಅವನಿಗೆ ಮೊದಲೇ ಗೊತ್ತಿತ್ತು.

1896ರ ನವೆಂಬರ್‌ನಲ್ಲಿ ನಯಾಗರಾ ಜಲಪಾತದ ಕರೆಂಟ್ ಬಫೆಲೊ ಊರು ಮುಟ್ಟಿತು. ಆರು ವರ್ಷ ಕಳೆಯುವುದರೊಳಗೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ಎಸಿ ಲೈನ್ ಎಳೆದರು. ಎರಡರಲ್ಲೂ 25 ಸೈಕಲ್ಲೇ. ಪ್ರಪಂಚದ ತುದಿಯಲ್ಲಿ ಹೊಸದಾಗಿ ಬಂದದ್ದು ಕನ್ನಡ ನೆಲಕ್ಕೆ ಅಷ್ಟು ಬೇಗ ಬಂತು, ಈಗಲೂ ಆಶ್ಚರ್ಯ ಆಗುತ್ತದೆ.

ನಮ್ಮ ಕಡೆ ಆ ಮೋಟರ್ ಏನು ಮಾಡಿತು? ಬೆಟಗೇರಿಯ ಪವರ್‌ಲೂಮ್, ಬ್ಯಾಡಗಿಯ ಮೆಣಸಿನಪುಡಿ ಮಷಿನ್, ಗೋಕುಲ ರೋಡಿನ ಲೇತ್, ಓಣಿ ಓಣಿಯ ಗಿರಣಿ. ಎಲ್ಲಕ್ಕಿಂತ ಹೆಚ್ಚಾಗಿ ಬೋರಿನೊಳಗಿನ ಸಬ್‌ಮರ್ಸಿಬಲ್. ಬ್ರಷ್ ಇರುವ ಮೋಟರನ್ನು ನೂರಾರು ಅಡಿ ಕೆಳಗೆ ನೀರಿನಲ್ಲಿ ಇಳಿಸಿ ವರ್ಷಗಟ್ಟಲೆ ಮರೆತುಬಿಡಲು ಆಗುತ್ತಿರಲಿಲ್ಲ. ಸವೆಯುವುದು ಬೇರಿಂಗ್ ಮಾತ್ರ, ತಿರುಗುವುದಕ್ಕೆ ವೈರಿಲ್ಲ. ಪ್ಲಾಸ್ಟಿಕ್ ಹೊದಿಕೆಯ ವೈರಿನಿಂದ ಕಟ್ಟಿದರೆ ವೈಂಡಿಂಗ್ ಒಳಗೇ ನೀರು ತುಂಬಿದ್ದರೂ ಓಡುತ್ತದೆ. ಗದಗ, ಹಾವೇರಿಯ ಒಣ ಹೊಲಗಳಿಗೆ ನೀರು ಬಂದದ್ದು ಹೀಗೆ. ಅಂತರ್ಜಲ ಪಾತಾಳಕ್ಕೆ ಹೋದದ್ದೂ ಹೀಗೇ ಅನ್ನಿ.

ಒಂದು ಗಮ್ಮತ್ತಿನ ತೊಂದರೆ ಹೇಳುತ್ತೇನೆ. ಮೂರು ಫೇಸಿನಲ್ಲಿ ಯಾವುದಾದರೂ ಎರಡು ವೈರ್ ಅದಲುಬದಲಾದರೆ ಸೆಳೆತ ತಿರುಗುವ ದಿಕ್ಕೇ ಉಲ್ಟಾ ಆಗುತ್ತದೆ. ಗಾಳಿ ಮಳೆಗೆ ಕಂಬ ಬಿದ್ದು, ಲೈನ್ ಮತ್ತೆ ಕಟ್ಟಿದ ಮೇಲೆ ಕೆಲವೊಮ್ಮೆ ಹೀಗಾಗುತ್ತದೆ. ಗಿರಣಿಯಲ್ಲಿ ಕಣ್ಣಿಗೆ ಕಾಣುತ್ತದೆ. ಬೋರಿನಲ್ಲಿ ಕಾಣುವುದಿಲ್ಲ. ಪಂಪ್ ಉಲ್ಟಾ ತಿರುಗಿದರೂ ನೀರು ಸ್ವಲ್ಪ ಬರುತ್ತದೆ. "ಬೋರ್ ಬತ್ತಿತ್ರಿ ಸರ, ಮೋಟರ್ ಎತ್ತಸಬೇಕ್ರಿ" ಅಂತ ರೈತರು ಗಾಬರಿಯಲ್ಲಿ ಫೋನ್ ಮಾಡುತ್ತಾರೆ. ಪೈಪ್ ಎತ್ತುವ ಮೊದಲು ಒಂದು ಕೆಲಸ ಮಾಡಿ. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಸ್ಟಾರ್ಟರಿನ ಎರಡು ವೈರ್ ಬದಲಿಸಿ ಹಾಕಿಸಿ ನೋಡಿ.

ಇನ್ನೊಂದು ತೊಂದರೆಯಲ್ಲಿ ಗಮ್ಮತ್ತಿಲ್ಲ, ನಮ್ಮ ಅಂಗಡಿ ತುಂಬುವುದೇ ಅದರಿಂದ. ಫೇಸ್ ಹೋಗುವುದು. ಮೂರರಲ್ಲಿ ಒಂದು ಫೇಸಿನ ಫ್ಯೂಸ್ ಹೋದರೆ ಸೆಳೆತ ತಿರುಗುವುದು ನಿಂತು, ಅಲ್ಲೇ ಹಿಂದೆ ಮುಂದೆ ತೂಗಾಡುತ್ತದೆ. ಓಡುತ್ತಿದ್ದ ಮೋಟರ್ ಹೇಗೋ ಓಡುತ್ತಲೇ ಇರುತ್ತದೆ, ಆದರೆ ಉಳಿದ ಎರಡು ಫೇಸಿನಿಂದ ಜಾಸ್ತಿ ಕರೆಂಟ್ ಎಳೆಯುತ್ತದೆ. ನಿಂತಿದ್ದ ಮೋಟರ್ ಆದರೆ ಏಳುವುದೇ ಇಲ್ಲ, ಗುಂಯ್ ಅನ್ನುತ್ತಾ ಬಿಸಿಯಾಗುತ್ತದೆ. ಆಟೋ ಸ್ಟಾರ್ಟರ್ ಹಾಕಿ ಮಲಗಿದ್ದೀರಿ, ಸರಿರಾತ್ರಿ ಕರೆಂಟ್ ಬಂತು, ಒಂದು ಫೇಸ್ ಇಲ್ಲ. ಕಾವಲಿಗೆ ಏನೂ ಇಲ್ಲದಿದ್ದರೆ ಬೆಳಗಾಗುವುದರೊಳಗೆ ವಾರ್ನಿಷ್ ಸುಟ್ಟ ವಾಸನೆ.

ಅಂಥ ಮೋಟರಿನ ಕವರ್ ತೆಗೆದ ಕೂಡಲೇ ಗೊತ್ತಾಗುತ್ತದೆ. ಮೂರು ಫೇಸಿನ ಕಾಯಿಲ್‌ಗಳ ಒಂದೊಂದು ತುದಿಯನ್ನು ಒಂದೆಡೆ ಸೇರಿಸಿದ ಸ್ಟಾರ್ ಕನೆಕ್ಷನ್ ಆಗಿದ್ದರೆ ಮೂರರಲ್ಲಿ ಎರಡು ಪಾಲು ಕಾಯಿಲ್ ಕರ್ರಗಾಗಿ, ನಡುನಡುವೆ ಒಂದೊಂದು ಗುಂಪು ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ತ್ರಿಕೋನದ ಹಾಗೆ ಜೋಡಿಸಿದ ಡೆಲ್ಟಾ ಆಗಿದ್ದರೆ ಹೆಚ್ಚಾಗಿ ಒಂದು ಪಾಲು ಕಪ್ಪು, ಎರಡು ಪಾಲು ಚೆನ್ನಾಗಿರುತ್ತದೆ. ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ಅದು ಓವರ್‌ಲೋಡ್, ಇಲ್ಲವೇ ವೋಲ್ಟೇಜ್ ಕಡಿಮೆ ಇದ್ದದ್ದು. ಒಂದೇ ಜಾಗದಲ್ಲಿ ತೂತು ಬಿದ್ದಂತೆ ಸುಟ್ಟಿದ್ದರೆ ವೈಂಡಿಂಗ್‌ನೊಳಗೆ ಶಾರ್ಟ್. ವೈಂಡಿಂಗ್ ಸರಿ ಮಾಡಿರಲಿಲ್ಲ ಅಂತ ಗಿರಾಕಿ ಜಗಳಕ್ಕೆ ಬಂದರೆ ನಾನು ಮಾತಾಡುವುದಿಲ್ಲ, ಕವರ್ ತೆಗೆದು ಆ ಕಪ್ಪು ಹಳದಿ ಪಟ್ಟೆಗಳನ್ನೇ ತೋರಿಸುತ್ತೇನೆ. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ, ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಅಂತ ಒಂದು ಸಣ್ಣ ಡಬ್ಬಿ ಸಿಗುತ್ತದೆ. ಇದ್ದದ್ದನ್ನೂ ಬೈಪಾಸ್ ಮಾಡಿ ಓಡಿಸುವವರೇ ಜಾಸ್ತಿ. ನಮ್ಮ ವ್ಯಾಪಾರಕ್ಕೆ ಒಳ್ಳೆಯದೇ, ಆದರೂ ಬೈಯದೆ ಇರಲಾಗುವುದಿಲ್ಲ.

ಮೋಟರ್ ಆದ ಮೇಲೆ ಟೆಸ್ಲಾ ಬೇರೆ ಹಾದಿ ಹಿಡಿದ. 1899ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ದೊಡ್ಡ ದೊಡ್ಡ ಕಿಡಿ ಹಾರಿಸಿದ. ಆಮೇಲೆ ಲಾಂಗ್ ಐಲೆಂಡ್‌ನಲ್ಲಿ ವೈರಿಲ್ಲದೆ ಸಂದೇಶ, ಕರೆಂಟ್ ಎರಡನ್ನೂ ಕಳಿಸುವ ಗೋಪುರ ಕಟ್ಟಲು ಹೋದ. ದುಡ್ಡು ಹಾಕಿದ್ದ ಬ್ಯಾಂಕರ್ ಮಾರ್ಗನ್ ಮುಂದೆ ಕೊಡಲಿಲ್ಲ. 1917ರಲ್ಲಿ ಗೋಪುರ ಕೆಡವಿದರು. ವಿಡಿಯೋಗಳು ಕೊಂಡಾಡುವುದು ಈ ಭಾಗವನ್ನೇ. ಕರೆಂಟನ್ನು ಹಾಗೆ ಗಾಳಿಗೆ ಬಿಟ್ಟರೆ ದೂರ ಹೋದಷ್ಟೂ ಚೆದುರಿ ಹೋಗುತ್ತದೆ, ಮೀಟರ್ ಹಾಕುವ ಮಾತು ಹಾಗಿರಲಿ. 1943ರ ಜನವರಿ 7ರಂದು ನ್ಯೂಯಾರ್ಕರ್ ಹೋಟೆಲಿನ ರೂಮಿನಲ್ಲಿ ಒಬ್ಬನೇ ಇದ್ದಾಗ ತೀರಿಕೊಂಡ. 1960ರಲ್ಲಿ ಅಯಸ್ಕಾಂತ ಬಲದ ಅಳತೆಗೆ ಟೆಸ್ಲಾ ಅಂತ ಹೆಸರಿಟ್ಟರು. ಎಂಆರ್‌ಐ ಮಷಿನ್ 1.5 ಟೆಸ್ಲಾ ಅನ್ನುತ್ತಾರಲ್ಲ, ಅದು ಇದೇ.

ಗದಗಿನ ಕಡೆ ಹೋದರೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ಕಾಣುತ್ತವೆ. ಇಂಥ ಗಾಳಿಯಂತ್ರಗಳ ಹಲವು ಮಾದರಿಗಳಲ್ಲಿ ಇರುವುದು ಇಂಡಕ್ಷನ್ ಜನರೇಟರ್. ಅಂದರೆ ನಮ್ಮ ಮೋಟರಿನದೇ ಬಳಗ. ಸಾದಾ ಮಾದರಿಯಲ್ಲಿ ಗಾಳಿ ರೋಟರನ್ನು 1500 ದಾಟಿಸಿ ಸ್ವಲ್ಪ ಜಾಸ್ತಿ ತಿರುಗಿಸುತ್ತದೆ. ರೋಟರ್ ಸೆಳೆತಕ್ಕಿಂತ ಹಿಂದೆ ಇದ್ದರೆ ಲೈನಿನಿಂದ ಕರೆಂಟ್ ತಿನ್ನುತ್ತದೆ, ಮುಂದೆ ಹೋದರೆ ಲೈನಿಗೇ ಕರೆಂಟ್ ಕೊಡುತ್ತದೆ. ಹುಡುಗರಿಗೆ ಸ್ಲಿಪ್ ಹೇಳಿಕೊಟ್ಟ ಮೇಲೆ ಇದನ್ನೂ ಹೇಳುತ್ತೇನೆ.

ಈಗ ಸೋಲಾರ್ ಪಂಪ್ ಬರುತ್ತಿವೆ. ಪ್ಯಾನೆಲ್ ಕೊಡುವುದು ಡಿಸಿ. ಅದನ್ನು ಕಂಟ್ರೋಲರ್ ಮೂರು ಫೇಸಿನ ಎಸಿ ಮಾಡಿ, ಎಷ್ಟೋ ಕಡೆ ಅದೇ ಹಳೆಯ ಜಾತಿಯ ಸಬ್‌ಮರ್ಸಿಬಲ್ ಓಡಿಸುತ್ತದೆ. ಬಿಸಿಲು ಏರಿದಂತೆ ಸೈಕಲ್ ಏರಿಸುತ್ತದೆ, ಮೋಡ ಬಂದರೆ ಇಳಿಸುತ್ತದೆ. ಹಾಗಾಗಿ ಅಲ್ಲಿ ನೇಮ್‌ಪ್ಲೇಟಿನ ಆರ್‌ಪಿಎಂ ನೋಡಿ ಲೆಕ್ಕ ಹಾಕಲು ಹೋಗಬೇಡಿ. ಕಂಟ್ರೋಲರಿನ ಡಿಸ್‌ಪ್ಲೇಯಲ್ಲಿ ಎಷ್ಟು ಹರ್ಟ್ಸ್ (ಅಂದರೆ ಸೈಕಲ್) ಇದೆ ಅಂತ ನೋಡಿ, ಎರಡು ಪೋಲಿನ ಪಂಪ್ ಆದರೆ ಅದನ್ನು 60ರಿಂದ ಗುಣಿಸಿ, ಸ್ಲಿಪ್‌ಗೆ ಸ್ವಲ್ಪ ಕಳೆಯಿರಿ. ನೀರು ಕಡಿಮೆ ಬಂತು ಅಂತ ಫೋನ್ ಮಾಡುವಾಗ ಆ ಹರ್ಟ್ಸ್ ಎಷ್ಟಿತ್ತು ಅಂತ ಹೇಳಿದರೆ ಅರ್ಧ ಕೆಲಸ ಫೋನಿನಲ್ಲೇ ಮುಗಿಯುತ್ತದೆ.