ನಾನೊಬ್ಬ ಸಹಿ ಹಾಕದಿದ್ದರೆ ಬಿಲ್ಡಿಂಗ್ ಕೆಲಸ ನಿಲ್ಲುತ್ತಾ?

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದು 28 ಮನೆಗಳ ಹಳೇ ಸೊಸೈಟಿ. ಕಮಿಟಿಯವರು ರೀಡೆವಲಪ್‌ಮೆಂಟ್‌ಗೆ (ಹಳೇ ಕಟ್ಟಡ ಕೆಡವಿ ಬಿಲ್ಡರ್ ಕೈಯಲ್ಲಿ ಹೊಸದು ಕಟ್ಟಿಸುವುದಕ್ಕೆ) ಹೊರಟಿದ್ದಾರೆ. ನನಗೆ ಇಷ್ಟವಿಲ್ಲ. ನಾನೊಬ್ಬ ಸಹಿ ಹಾಕದಿದ್ದರೆ ಯಾರೂ ಏನೂ ಮಾಡುವ ಹಾಗಿಲ್ಲ ಅಂತ ನೆಂಟರೊಬ್ಬರು ಹೇಳಿದರು. ನಿಜವೇ? ಫ್ಲ್ಯಾಟ್ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದೆ, ನಾನು ನಾಮಿನಿ.

ಉತ್ತರ: ನಿಜವಲ್ಲ. ಕೆಲಸ ನಿಲ್ಲುವುದಿಲ್ಲ.

ಇಷ್ಟು ಹೇಳಿ ಪೆನ್ನು ಮುಚ್ಚಬಹುದಿತ್ತು. ಹಾಗೆ ಮಾಡಿಯೂ ನೋಡಿದ್ದೇನೆ, ಪ್ರಯೋಜನವಾಗಲಿಲ್ಲ. ಈ ತಿಂಗಳು ಡೊಂಬಿವಲಿ, ಹೋದ ತಿಂಗಳು ಮುಲುಂಡ್, ಅದಕ್ಕೂ ಮೊದಲು ಗೋರೆಗಾಂವ್. ಬಿಲ್ಡಿಂಗ್ ಬೇರೆ, ಪ್ರಶ್ನೆ ಅದೇ. ಎಲ್ಲರಿಗೂ ಹೇಳಿಕೊಟ್ಟ ಆ ನೆಂಟರೂ ಒಬ್ಬರೇ ಇರಬಹುದು ಅಂತ ನನಗೆ ಅನುಮಾನ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಮೊದಲು ಬೀರು ತೆಗೆದು ನಿಮ್ಮ ಶೇರ್ ಸರ್ಟಿಫಿಕೇಟ್ ಹುಡುಕಿ. ಎಲ್‌ಐಸಿ ಪಾಲಿಸಿಗಳ ಕೆಳಗೆಲ್ಲೋ ಇರುತ್ತದೆ. ಹಳೇ ಸೊಸೈಟಿಗಳಲ್ಲಿ ಸಾಮಾನ್ಯವಾಗಿ ತಲಾ 50 ರೂಪಾಯಿಯ 5 ಶೇರು, ಒಟ್ಟು 250 ರೂಪಾಯಿ ಅಂತ ಬರೆದಿರುತ್ತದೆ. ಅಷ್ಟು ಬೆಲೆಬಾಳುವ ಮನೆಗೆ 250 ರೂಪಾಯಿಯ ಕಾಗದವೇ ಅಂತ ನಗಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಆ ಕಾಗದದಲ್ಲೇ ಇದೆ. ಕೋಆಪರೇಟಿವ್ ಸೊಸೈಟಿಯಲ್ಲಿ ಜಾಗವೂ ಕಟ್ಟಡವೂ ಸೊಸೈಟಿಗೆ ಸೇರಿದ್ದು. ನೀವು ಅದರ ಸದಸ್ಯರು. ಸದಸ್ಯರಾದ್ದರಿಂದ ಆ ಮನೆಯಲ್ಲಿ ಇರುವ, ಅದನ್ನು ಮಾರುವ, ಮಕ್ಕಳಿಗೆ ಬಿಟ್ಟುಹೋಗುವ ಹಕ್ಕು ನಿಮಗಿದೆ. ಆದರೆ ಕಟ್ಟಡವನ್ನು ಇಟ್ಟುಕೊಳ್ಳಬೇಕೋ ಕೆಡವಬೇಕೋ ಅನ್ನುವುದನ್ನು ತೀರ್ಮಾನಿಸುವುದು ಜನರಲ್ ಬಾಡಿ, ಅಂದರೆ ಎಲ್ಲ ಸದಸ್ಯರ ಸಭೆ.

ಇದು ನನ್ನ ಅಭಿಪ್ರಾಯ ಅಲ್ಲ. ಪಂಜಾಬಿನ ಸಹಕಾರ ಸಂಘಗಳ ವಿಲೀನದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಇದನ್ನು ಹೇಳಿತ್ತು. ಸಹಕಾರ ಸಂಘಕ್ಕೆ ಸೇರಿದ ಮೇಲೆ ಸಂಘದ ವಿಷಯದಲ್ಲಿ ಸದಸ್ಯನಿಗೆ ತನ್ನದೇ ಬೇರೆ ಅಸ್ತಿತ್ವ ಇರುವುದಿಲ್ಲ, ಕಾಯ್ದೆ ಮತ್ತು ಬೈಲಾ (ಸಂಘದ ಒಳನಿಯಮ) ಕೊಟ್ಟ ಹಕ್ಕುಗಳಷ್ಟೇ ಅವನವು ಅಂತ. 2009ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟಿನ ವಿಭಾಗೀಯ ಪೀಠ ಇದನ್ನು ನೇರವಾಗಿ ರೀಡೆವಲಪ್‌ಮೆಂಟಿಗೆ ಅನ್ವಯಿಸಿತು. ಅಲ್ಲೂ ಒಪ್ಪದ ಸದಸ್ಯರು ಇದೇ ವಾದ ಮಾಡಿದ್ದರು. ನಾವು ಅಗ್ರಿಮೆಂಟಿಗೆ ಸಹಿ ಹಾಕಿಲ್ಲ, ಬಿಲ್ಡರಿಗೂ ನಮಗೂ ಸಂಬಂಧವೇ ಇಲ್ಲ, ನಮ್ಮನ್ನು ಹೇಗೆ ಏಳಿಸುತ್ತೀರಿ ಅಂತ. ಕೋರ್ಟ್ ಒಪ್ಪಲಿಲ್ಲ. ಸೊಸೈಟಿ ಹಾಕಿದ ಸಹಿಯೇ ಸದಸ್ಯನ ಸಹಿ. ಅಗತ್ಯ ಬಿದ್ದರೆ ಕೋರ್ಟ್ ರಿಸೀವರ್ (ಕೋರ್ಟ್ ನೇಮಿಸಿದ ಅಧಿಕಾರಿ) ಬಂದು ಮನೆ ವಶಕ್ಕೆ ತೆಗೆದುಕೊಳ್ಳಬಹುದು. ಆಮೇಲೆ ಹೈಕೋರ್ಟಿನಲ್ಲಿ ಇಂಥ ಆದೇಶಗಳು ಎಷ್ಟೋ ಬಂದಿವೆ.

ಹಾಗಾದರೆ ಈ ಮಾತು ಹುಟ್ಟಿದ್ದಾದರೂ ಎಲ್ಲಿಂದ? ಒಂದು ಮೂಲ, ನಮ್ಮ ಬೆಂಗಳೂರಿನ ನೆಂಟರು. ಅವರನ್ನು ದೂರುವ ಹಾಗಿಲ್ಲ, ಅವರು ಹೇಳುವುದು ಅವರ ಕಡೆಯ ಲೆಕ್ಕದಲ್ಲಿ ಸರಿಯೇ. ಅಲ್ಲಿ ಅಪಾರ್ಟ್‌ಮೆಂಟ್ ಕೊಂಡವರಿಗೆ ಜಾಗದಲ್ಲಿ ಅವಿಭಜಿತ ಪಾಲು ಅವರವರ ಹೆಸರಿಗೇ ರಿಜಿಸ್ಟರ್ ಆಗಿರುತ್ತದೆ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಆ ಪಾಲನ್ನು ಬದಲಾಯಿಸಲು ಎಲ್ಲ ಮಾಲೀಕರ ಒಪ್ಪಿಗೆ ಬೇಕು ಅಂತ ಬರೆದಿಟ್ಟಿತು. ಅಲ್ಲಿನ ಮಾತು ರೈಲು ಹತ್ತಿ ಇಲ್ಲಿಗೆ ಬಂತು. ಬರುವಾಗ ಅಡಿಯಲ್ಲಿದ್ದ ಕಾಯ್ದೆಯನ್ನು ಅಲ್ಲೇ ಬಿಟ್ಟು ಬಂತು. ನಿಮ್ಮ ಸೊಸೈಟಿ ನಡೆಯುವುದು ಮಹಾರಾಷ್ಟ್ರದ 1960ರ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ.

ಇನ್ನೊಂದು ಮೂಲ, ನಮ್ಮ ಕಣ್ಣೆದುರಿನ ಉದಾಹರಣೆಗಳು. 'ಆ ಬಿಲ್ಡಿಂಗಿನಲ್ಲಿ ಒಬ್ಬ ಮುದುಕ ಹತ್ತು ವರ್ಷ ನಿಲ್ಲಿಸಿದ' ಅನ್ನುವ ಕಥೆ ಎಲ್ಲ ಕಡೆ ಇದೆ. ಹತ್ತಿರ ಹೋಗಿ ನೋಡಿದರೆ ನಿಲ್ಲಿಸಿದ್ದು ಮುದುಕ ಅಲ್ಲ. ಬಿಲ್ಡರ್ ಹತ್ತಿರ ದುಡ್ಡು ಇರಲಿಲ್ಲ. ಅಥವಾ ಜಾಗ ಸೊಸೈಟಿಯ ಹೆಸರಿಗೆ ಆಗಿರಲಿಲ್ಲ. ಈ ಎರಡನೆಯದನ್ನು ಯಾರೂ ಮಾತಾಡುವುದಿಲ್ಲ, ನಿಜವಾಗಿ ಕೆಲಸ ನಿಲ್ಲಿಸುವುದು ಅದೇ. ಸೊಸೈಟಿ ರಿಜಿಸ್ಟರ್ ಆದ ನಾಲ್ಕು ತಿಂಗಳಲ್ಲಿ ಮೊದಲ ಬಿಲ್ಡರ್ ಜಾಗವನ್ನು ಸೊಸೈಟಿಗೆ ಬರೆದುಕೊಡಬೇಕು ಅಂತ 1963ರ ಕಾಯ್ದೆಯ ಕೆಳಗೆ ನಿಯಮ ಇದೆ. ಇದಕ್ಕೆ ಕನ್ವೆಯನ್ಸ್ ಅನ್ನುತ್ತಾರೆ. ಎಷ್ಟೋ ಬಿಲ್ಡರ್‌ಗಳು ಕೊಡಲೇ ಇಲ್ಲ. ಅದಕ್ಕೇ 2008ರ ತಿದ್ದುಪಡಿಯಲ್ಲಿ ಡೀಮ್ಡ್ ಕನ್ವೆಯನ್ಸ್ ಬಂತು: ಬಿಲ್ಡರ್ ಬರದಿದ್ದರೂ ಸೊಸೈಟಿಯೇ ಅರ್ಜಿ ಹಾಕಿ ಮಾಡಿಸಿಕೊಳ್ಳಬಹುದು. ಮೀಟಿಂಗಿನಲ್ಲಿ 'ನಾನು ಒಪ್ಪಲ್ಲ' ಅಂತ ಕೂಗುವ ಬದಲು 'ಕನ್ವೆಯನ್ಸ್ ಆಗಿದೆಯಾ, ಪ್ರಾಪರ್ಟಿ ಕಾರ್ಡಿನಲ್ಲಿ ಯಾರ ಹೆಸರಿದೆ?' ಅಂತ ಮೆತ್ತಗೆ ಕೇಳಿ ನೋಡಿ. (ಪ್ರಾಪರ್ಟಿ ಕಾರ್ಡ್ ಅಂದರೆ ಜಾಗ ಯಾರದು ಅನ್ನುವ ಸರ್ಕಾರಿ ದಾಖಲೆ.) ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ನಿಮಗೆ ಉತ್ತರ ಸಿಕ್ಕ ಹಾಗೆ.

ಸಹಿ ಹಾಕದೆ ಕೂತವರ ಪಾಡು ಏನಾಗುತ್ತದೆ ಅನ್ನುವುದನ್ನು ನಾನು ಪಕ್ಕದ ಬಿಲ್ಡಿಂಗಿನಲ್ಲಿ ನೋಡಿದ್ದೇನೆ. ಉಳಿದವರೆಲ್ಲ ಖಾಲಿ ಮಾಡಿ ಹೋಗಿದ್ದರು. ಬಿಟ್ಟುಹೋದ ಮನೆಗಳ ಕಿಟಕಿ, ಬಾಗಿಲು, ಗ್ರಿಲ್ಲು ಎಲ್ಲ ಕಿತ್ತಾಗಿತ್ತು. ಮೂರನೇ ಮಹಡಿಯಲ್ಲಿ ಒಂದೇ ಮನೆಯಲ್ಲಿ ದೀಪ. ಮೆಟ್ಟಿಲಲ್ಲಿ ಬಲ್ಬ್ ಇಲ್ಲ, ಲಿಫ್ಟ್ ಇಲ್ಲ, ಹಾಲಿನವನು ಮೇಲೆ ಹತ್ತಲು ಹೆದರಿ ಗೇಟಿನಲ್ಲೇ ಪ್ಯಾಕೆಟ್ ಇಟ್ಟು ಹೋಗುತ್ತಿದ್ದ. ಆ ಮನೆಯವರು ವಕೀಲರಿಗೆ ದುಡ್ಡು ಸುರಿದರು. ಕೊನೆಗೆ ಎಲ್ಲರಿಗೂ ಸಿಕ್ಕಷ್ಟೇ ಜಾಗಕ್ಕೆ, ಅದೇ ಕರಾರಿಗೆ ಸಹಿ ಹಾಕಿದರು. ಅವರಿಗೆ ಜಾಸ್ತಿ ಸಿಕ್ಕಿತು ಅಂತ ಈಗಲೂ ಜನ ಹೇಳುತ್ತಾರೆ. ಸಿಗಲಿಲ್ಲ, ಕಾಗದ ನಾನೇ ನೋಡಿದ್ದೇನೆ.

ಇದನ್ನು ಓದಿ 'ಹಾಗಾದರೆ ಕಮಿಟಿ ಹೇಳಿದ್ದೇ ವೇದವಾಕ್ಯವೇ?' ಅಂತ ಸಿಟ್ಟಾಗಬೇಡಿ. ಕಮಿಟಿ ಬೇರೆ, ಜನರಲ್ ಬಾಡಿ ಬೇರೆ. ಮಹಾರಾಷ್ಟ್ರ ಸರ್ಕಾರ ಕಾಯ್ದೆಯ 79ಎ ಕಲಮಿನ ಕೆಳಗೆ 2009ರ ಜನವರಿಯಲ್ಲಿ ನಿಯಮ ಮಾಡಿತು, 2019ರ ಜುಲೈಯಲ್ಲಿ ಬದಲಾಯಿಸಿತು. ಈಗಿನ ಲೆಕ್ಕ ಹೀಗೆ: ರೀಡೆವಲಪ್‌ಮೆಂಟಿಗೆ ಕರೆದ ವಿಶೇಷ ಸಭೆಗೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಬರಬೇಕು. ನಿಮ್ಮ 28ಕ್ಕೆ 19 ಜನ. ಒಪ್ಪಿಗೆ ಒಟ್ಟು ಸದಸ್ಯರಲ್ಲಿ ಶೇ 51, ಅಂದರೆ 15 ಜನ. ಗಮನಿಸಿ, ಬಂದವರಲ್ಲಿ ಶೇ 51 ಅಲ್ಲ. ಇದನ್ನು ತಪ್ಪು ತಿಳಿದ ಸೆಕ್ರೆಟರಿಗಳು ಬೇಕಾದಷ್ಟು ಜನ ಇದ್ದಾರೆ. ಬಿಲ್ಡರನ್ನು ಆರಿಸುವ ಸಭೆಗೆ ಸಹಕಾರ ಇಲಾಖೆಯ ರಿಜಿಸ್ಟ್ರಾರ್ ಕಳಿಸಿದ ಅಧಿಕಾರಿ ಇರಬೇಕು, ಪೂರ್ತಿ ವಿಡಿಯೋ ಆಗಬೇಕು. ನಿಮ್ಮ ಬದಲಿಗೆ ಭಾವನನ್ನು ಕಳಿಸಿದರೆ ನಡೆಯುವುದಿಲ್ಲ, ಪ್ರಾಕ್ಸಿಗೆ ಅವಕಾಶ ಇಲ್ಲ. ಹಾಗಂತ ಒಂದು ಸಣ್ಣ ತಪ್ಪು ಸಿಕ್ಕಿತು, ಕೋರ್ಟಿಗೆ ಹೋಗಿ ಎಲ್ಲ ಕೆಡವಿಸುತ್ತೇನೆ ಅಂತ ಹೊರಡಬೇಡಿ. ಈ ನಿಯಮಗಳನ್ನು ಅಕ್ಷರಕ್ಕೆ ಅಕ್ಷರ ಪಾಲಿಸಲೇಬೇಕಾದ ಕಟ್ಟಳೆ ಅಂತ ಹೈಕೋರ್ಟ್ ಯಾವಾಗಲೂ ನೋಡಿಲ್ಲ. ಮೋಸ ಆಗಿದೆಯಾ, ಮುಚ್ಚಿಟ್ಟಿದ್ದಾರಾ, ಬಹುಮತ ನಿಜವಾಗಿ ಇತ್ತಾ ಅನ್ನುವುದನ್ನು ನೋಡುತ್ತದೆ. ಇನ್ನೊಬ್ಬ ಬಿಲ್ಡರ್ ಹತ್ತು ಚದರಡಿ ಜಾಸ್ತಿ ಕೊಡುತ್ತಿದ್ದ ಅನ್ನುವ ವಾದಕ್ಕೆ ಅಲ್ಲಿ ಬೆಲೆ ಕಡಿಮೆ.

ಹಾಗಾಗಿ ನಿಮ್ಮ ಶಕ್ತಿ ಇರುವುದು ಸಭೆಯಲ್ಲಿ, ಅದೂ ಸಹಿಗೆ ಮೊದಲು. ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ, ಮಿನಿಟ್ಸ್‌ನಲ್ಲಿ ಬಂದಿದೆಯಾ ನೋಡಿ. ಯೋಜನೆಯ ವೆಚ್ಚದ ಶೇ 20ರಷ್ಟು ಬ್ಯಾಂಕ್ ಗ್ಯಾರಂಟಿ ಬಿಲ್ಡರ್ ಕೊಡಬೇಕು ಅಂತ ಅದೇ ನಿಯಮದಲ್ಲಿದೆ. ಅದು ಎಲ್ಲಿ? ಕೊಡುವ ಕಾರ್ಪೆಟ್ ಜಾಗ (ಮನೆಯೊಳಗಿನ ಬಳಕೆಯ ಜಾಗ) ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯ ಲೆಕ್ಕದ್ದೋ, ಹಳೇ ಲೆಕ್ಕದ್ದೋ? ರೇರಾ ಲೆಕ್ಕದಲ್ಲಿ ಒಳಗಿನ ಗೋಡೆಗಳೂ ಸೇರುತ್ತವೆ, ಕಾಗದದ ಮೇಲೆ ಮನೆ ದೊಡ್ಡದಾಗಿ ಕಾಣುತ್ತದೆ. ಕಟ್ಟುವ ಸಮಯದಲ್ಲಿ ಹೊರಗಿರಲು ಬಿಲ್ಡರ್ ಕೊಡುವ ಬಾಡಿಗೆ ದುಡ್ಡು ಮನೆಗೆ ಕೀ ಕೊಡುವ ದಿನದವರೆಗೋ, ಬರೇ 24 ತಿಂಗಳೋ?

ನಮ್ಮ ಸೊಸೈಟಿಯ ಸಭೆ ಟೆರೇಸಿನಲ್ಲಿ ಆಯಿತು. ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿ, ಬಿಲ್ಡರ್ ಕಡೆಯಿಂದ ವಡಾಪಾವ್, ವಿಡಿಯೋಗೆ ಮದುವೆ ಶೂಟಿಂಗ್ ಮಾಡುವ ಹುಡುಗ. ಅವನು ಅಭ್ಯಾಸಬಲದಿಂದ ಎಲ್ಲ ಹೆಂಗಸರ ಸೀರೆ ಅಂಚಿನ ಮೇಲೆ ಕ್ಯಾಮರಾ ಓಡಿಸುತ್ತಿದ್ದ. ಎರಡು ಗಂಟೆ ಎಫ್‌ಎಸ್‌ಐ, ಕಾರ್ಪಸ್ (ಎಷ್ಟು ಕಟ್ಟಬಹುದು ಅನ್ನುವ ಲೆಕ್ಕ, ಬಿಲ್ಡರ್ ಕೊಡುವ ಇಡುಗಂಟು) ಅಂತ ಗಂಡಸರು ಅರಚಿದರು. ಆಮೇಲೆ ನೆಲಮಹಡಿಯ ಒಬ್ಬ ಅಮ್ಮ ಎದ್ದು ನಿಂತು ಕೇಳಿದರು: 'ನನಗೆ ಎಷ್ಟನೇ ಮಹಡಿ? ಮೊಣಕಾಲು ನೋವು, ಲಿಫ್ಟ್ ಕೆಟ್ಟರೆ ಏನು ಗತಿ? ಅಂಗಳದ ತುಳಸಿ ಕಟ್ಟೆ ಎಲ್ಲಿಗೆ ಹೋಗುತ್ತೆ?' ಬಿಲ್ಡರ್ ನಕ್ಕ. ರಿಜಿಸ್ಟ್ರಾರ್ ಕಡೆಯ ಅಧಿಕಾರಿ ನಗಲಿಲ್ಲ, ಬರೆದುಕೊಳ್ಳಿ ಅಂದರು. ಯಾವ ಮನೆ ಯಾರಿಗೆ ಅನ್ನುವ ಪಟ್ಟಿ ಅಗ್ರಿಮೆಂಟಿಗೆ ಸೇರಿದ್ದು ಆ ಪ್ರಶ್ನೆಯಿಂದ. ಲಿಫ್ಟಿಗೆ ಜನರೇಟರ್ ಬಂದದ್ದೂ ಅದರಿಂದಲೇ. ಅಲ್ಲಿಯತನಕ ನಾವ್ಯಾರೂ ಅದನ್ನು ಕೇಳಿರಲೇ ಇಲ್ಲ, ಸೆಕ್ರೆಟರಿಯಾಗಿದ್ದ ನಾನೂ ಸೇರಿ.

ಇನ್ನು ನಿಮ್ಮ ಪತ್ರದ ಕೊನೆಯ ಸಾಲು. ಅದರ ಬಗ್ಗೆ ನೀವು ಏನೂ ಕೇಳಿಲ್ಲ, ಆದರೆ ನನ್ನನ್ನು ಹೆದರಿಸಿದ್ದು ಅದೇ. ಫ್ಲ್ಯಾಟ್ ತೀರಿಹೋದ ತಂದೆಯ ಹೆಸರಿನಲ್ಲೇ ಇದೆ, ನೀವು ನಾಮಿನಿ.

ನಾಮಿನಿ ಅಂದರೆ ಮಾಲೀಕ ಅಲ್ಲ. ದಯವಿಟ್ಟು ಇದನ್ನು ಎರಡು ಸಲ ಓದಿ. ನಾಮಿನೇಶನ್ ಇದ್ದರೆ ಸೊಸೈಟಿ ಅದನ್ನು ಗೌರವಿಸಿ ನಾಮಿನಿಯ ಹೆಸರಿಗೆ ಮಾಡಬೇಕು, ಆದರೆ ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ, ಅವರು ಸಿವಿಲ್ ಕೋರ್ಟಿಗೆ ಹೋಗಬಹುದು ಅಂತ 2016ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಹಾರಾಷ್ಟ್ರದ ಕಾಯ್ದೆಯಲ್ಲಿ 2019ರ ತಿದ್ದುಪಡಿಯ ನಂತರ ನಾಮಿನಿಯನ್ನು ತಾತ್ಕಾಲಿಕ ಸದಸ್ಯ ಅಂತಲೇ ಕರೆಯುತ್ತಾರೆ. ವಾರಸುದಾರರು ಯಾರು ಅಂತ ತೀರ್ಮಾನ ಆಗುವವರೆಗೆ ಮನೆ ನೋಡಿಕೊಳ್ಳುವವನು ಅಷ್ಟೇ.

ನಮ್ಮವರಲ್ಲಿ, ಅಂದರೆ ಇಲ್ಲಿನ ಕನ್ನಡಿಗರಲ್ಲಿ, ಈ ತೊಂದರೆ ಜಾಸ್ತಿ. ಅಪ್ಪ ಇಲ್ಲಿ ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ದುಡಿದು ಮನೆ ಮಾಡಿದರು, ರಿಟೈರ್ ಆಗಿ ಉಡುಪಿಗೋ ಕುಂದಾಪುರಕ್ಕೋ ಹೋದರು, ಅಲ್ಲೇ ತೀರಿಕೊಂಡರು. ಇಲ್ಲಿ ಇರುವವನು ಚಿಕ್ಕ ಮಗ. ಅಣ್ಣ ದುಬೈಯಲ್ಲಿ, ಅಕ್ಕ ಊರಲ್ಲಿ. ಮೇಂಟೆನೆನ್ಸ್ ಕಟ್ಟುವುದು ಚಿಕ್ಕವನು, ಹಾಗಾಗಿ ಮನೆ ಅವನದೇ ಅಂತ ಎಲ್ಲರೂ ಸುಮ್ನೆ ಒಪ್ಪಿಕೊಂಡಿರುತ್ತಾರೆ. ಸೋರುವ ಹಳೇ ಮನೆ ಯಾರಿಗೆ ಬೇಕು? ಆದರೆ ಅದೇ ಜಾಗದಲ್ಲಿ ಹೊಸ ಟವರ್ ಏಳುತ್ತದೆ ಅಂದ ಕೂಡಲೇ ಊರಿನಿಂದ ಫೋನು ಬರಲು ಶುರು. ಹೊಸ ಮನೆಯ ಅಗ್ರಿಮೆಂಟ್ ಯಾರ ಹೆಸರಿಗೆ, ಬಾಡಿಗೆ ಚೆಕ್ ಯಾರ ಖಾತೆಗೆ ಅಂತ ಬಿಲ್ಡರ್ ಕೇಳುವಾಗ ಜಗಳ ಆಗಿದ್ದರೆ ನಿಮ್ಮ ಒಂದು ಮನೆಯ ಕಾಗದ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಉಳಿದ 27 ಮನೆಯವರು ಮುಂದೆ ಹೋಗುತ್ತಾರೆ.

ನಿಮಗೂ ಹೀಗೆ ಅಕ್ಕನೋ ಅಣ್ಣನೋ ಇದ್ದರೆ ಈ ವಾರವೇ ಫೋನ್ ಮಾಡಿ, ಬಿಲ್ಡರ್ ಹೆಸರು ಅವರಿಗೆ ಬೇರೆ ಯಾರಿಂದಲೋ ಗೊತ್ತಾಗುವ ಮೊದಲು. ಪಾಲು ಬಿಟ್ಟುಕೊಡುತ್ತಾರಾದರೆ ರಿಲೀಸ್ ಡೀಡ್ ರಿಜಿಸ್ಟರ್ ಮಾಡಿಸಿ. ಬಿಟ್ಟುಕೊಡುವುದಿಲ್ಲ ಅಂದರೆ ಅವರ ಹೆಸರೂ ಸೇರಲಿ, ಅದು ಅವರ ಹಕ್ಕು. ಬಾಯಿಮಾತು ಬೇಡ, ಬಿಳಿ ಕಾಗದದ ಮೇಲೆ ಸಹಿಯೂ ಬೇಡ. ತಂದೆಯವರ ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ತೆಗೆದಿಟ್ಟುಕೊಳ್ಳಿ, ಊರಿನ ಕಚೇರಿಯಲ್ಲಿ ಕನ್ನಡದಲ್ಲಿ ಕೊಟ್ಟದ್ದಾದರೆ ಅನುವಾದ ಮಾಡಿಸಿ ನೋಟರಿ ಹಾಕಿಸಿ. ನಮ್ಮ ಸೊಸೈಟಿಯಲ್ಲಿ ಒಬ್ಬರ ಅರ್ಜಿ ಮೂರು ತಿಂಗಳು ನಿಂತದ್ದು ಬರೇ ಅದಕ್ಕೆ.