ಕ್ಲಾಸ್ ವಿವರಣೆ ಹೇಳಿದ್ದೊಂದು, ರೇಡ್‌ನಲ್ಲಿ ಮಾಡಿಸಿದ್ದೊಂದು

2004ರ ನವೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಶುರುವಾದಾಗ ಅದರಲ್ಲಿ ಒಂಬತ್ತು ಕ್ಲಾಸ್‌ಗಳಿದ್ದವು, ಅಂದರೆ ಆಟಗಾರರು ಮೊದಲೇ ಆರಿಸಿಕೊಳ್ಳಬೇಕಾದ ಪಾತ್ರದ ಬಗೆಗಳು. ಪ್ಯಾಲಡಿನ್ ಅವುಗಳಲ್ಲೊಂದು. ಭಾರಿ ಕವಚ ತೊಟ್ಟ ಧರ್ಮಯೋಧ; ಮುಂದೆ ನಿಂತು ಏಟು ತಾಳಬಲ್ಲ, ಸುತ್ತಿಗೆ ಬೀಸಬಲ್ಲ, ಜೊತೆಗಾರರ ಗಾಯ ಮಾಯಿಸಬಲ್ಲ ಎಂಬ ಚಿತ್ರವನ್ನು ಆಟ ಹೊಸಬರ ಮುಂದಿಡುತ್ತಿತ್ತು. ಅದನ್ನು ನಂಬಿ ಲೆವೆಲ್ 60ರವರೆಗೆ ತಿಂಗಳುಗಟ್ಟಲೆ ಆಡಿ, 40 ಜನ ಒಟ್ಟಾಗಿ ನಡೆಸುವ ಮೋಲ್ಟನ್ ಕೋರ್ ದಾಳಿಗೆ (ರೇಡ್‌ಗೆ) ಹೋದವರಿಗೆ ಸಿಕ್ಕ ಕೆಲಸವೇ ಬೇರೆ. ಹಿಂದೆ ನಿಂತು ಹೀಲ್ ಮಾಡಬೇಕು (ಗಾಯ ಮಾಯಿಸಬೇಕು), ವಿಷ-ರೋಗ ತೆಗೆಯಬೇಕು, ಬ್ಲೆಸ್ಸಿಂಗ್ ಎಂಬ ಬಲ ಕೊಡುವ ಮಂತ್ರ ಹಾಕಬೇಕು. ಆರಂಭದ ದಿನಗಳಲ್ಲಿ ಒಂದು ಬ್ಲೆಸ್ಸಿಂಗ್ ಉಳಿಯುತ್ತಿದ್ದುದು ಐದೇ ನಿಮಿಷ, ಅದನ್ನೂ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹಾಕಬೇಕಿತ್ತು. ದೊಡ್ಡ ಪಂಕ್ತಿಗೆ ಬಡಿಸುವವರ ಪಾಡು ಅದು: ಕೊನೆಯ ಎಲೆ ಮುಟ್ಟಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೊದಲ ಎಲೆ ಖಾಲಿ.

ಮುಂದೆ ನಿಂತು ಏಟು ತಾಳುವ ಟ್ಯಾಂಕ್ ಕೆಲಸವನ್ನು ಪ್ಯಾಲಡಿನ್ ಏಕೆ ಮಾಡಲಾಗಲಿಲ್ಲ? ಈ ಆಟಗಳಲ್ಲಿ ಪ್ರತಿ ಶತ್ರುವೂ ತನಗೆ ಯಾರ ಮೇಲೆ ಎಷ್ಟು ಸಿಟ್ಟು ಎಂಬ ಲೆಕ್ಕ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯ ತುದಿಯಲ್ಲಿ ಟ್ಯಾಂಕ್ ಇರಲೇಬೇಕು, ಇಲ್ಲದಿದ್ದರೆ ಬಾಸ್, ಅಂದರೆ ರೇಡ್‌ನ ದೊಡ್ಡ ಶತ್ರು, ತಿರುಗಿ ಹೀಲರ್‌ನನ್ನು ಮುಗಿಸುತ್ತದೆ. ಕೈತಪ್ಪಿದ ಶತ್ರುವನ್ನು ಮರಳಿ ತನ್ನತ್ತ ಸೆಳೆಯಲು ವಾರಿಯರ್‌ಗೆ ಟಾಂಟ್ ಎಂಬ ಅಸ್ತ್ರವಿತ್ತು. ಪ್ಯಾಲಡಿನ್‌ಗೆ ಅಂಥದ್ದೊಂದೂ ಇರಲಿಲ್ಲ. ಮೇಲಾಗಿ ಅವನ ಶಕ್ತಿಯೆಲ್ಲ ಮಂತ್ರ ಹಾಕಿದಂತೆ ಖರ್ಚಾಗುವ ಮಾನಾ ಮೇಲೆ ನಿಂತಿತ್ತು, ದೀರ್ಘ ಕಾಳಗದಲ್ಲಿ ಅದು ಬರಿದಾಗುತ್ತಿತ್ತು. ಮೋಲ್ಟನ್ ಕೋರ್‌ನಲ್ಲಿ ಸಿಗುತ್ತಿದ್ದ ಲಾಬ್ರಿಂಗರ್ ಕವಚದಲ್ಲೂ ತೋಳ್ಬಲಕ್ಕಿಂತ, ಮಾನಾ ಹೆಚ್ಚಿಸುವ ಬುದ್ಧಿಶಕ್ತಿಯ ಅಂಕಗಳೇ ಹೆಚ್ಚು. ಅಂದರೆ ಪ್ಯಾಲಡಿನ್ ಹೀಲರ್ ಎಂದು ಆಟವೇ ಒಳಗೊಳಗೆ ತೀರ್ಮಾನಿಸಿಬಿಟ್ಟಿತ್ತು. ಆಯ್ಕೆಯ ಹೊತ್ತಿನಲ್ಲಿ ಮಾತ್ರ ಅದನ್ನು ಯಾರೂ ಹೇಳಿರಲಿಲ್ಲ. ಟ್ಯಾಲೆಂಟ್ (ಕ್ಲಾಸ್‌ನೊಳಗೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಬದಲಿಸಲು ಆಟದೊಳಗಿನ ಚಿನ್ನ ಕೊಟ್ಟರಾಯಿತು. ಕ್ಲಾಸ್ ಬದಲಿಸಬೇಕೆಂದರೆ ಲೆವೆಲ್ ಒಂದರಿಂದ ಹೊಸ ಪಾತ್ರವನ್ನೇ ಬೆಳೆಸಬೇಕು.

ಇದನ್ನು ಮೋಸ ಎಂದವರು ಬಹಳ ಜನ. ಬೇಕೆಂದೇ ಮಾಡಿದ ಮೋಸವೆಂದು ನನಗೆ ಅನಿಸುವುದಿಲ್ಲ. ಇದರ ಬೇರು ಇಂಥ ಆನ್‌ಲೈನ್ ಆಟಗಳಿಗಿಂತ ಹಳೆಯದು.

ಕ್ಲಾಸ್ ಎಂಬ ಕಲ್ಪನೆ ಬಂದದ್ದು 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ, ಮೇಜಿನ ಸುತ್ತ ಕೂತು ಆಡುವ ಆಟದಿಂದ. ಮೊದಲಿಗೆ ಇದ್ದದ್ದು ಯೋಧ, ಮಾಂತ್ರಿಕ, ಪುರೋಹಿತ ಮೂರೇ. ಕಳ್ಳನೂ ಪ್ಯಾಲಡಿನ್ನನೂ ಮರುವರ್ಷದ ಪುರವಣಿಯಲ್ಲಿ ಸೇರಿದರು. ಆ ಮೇಜಿನಲ್ಲಿ ಆಟ ನಡೆಸಿಕೊಡುವವರೊಬ್ಬರು ಇರುತ್ತಾರೆ, ಡಂಜನ್ ಮಾಸ್ಟರ್. ಕಳ್ಳನ ಪಾತ್ರದವರು ಬಹಳ ಹೊತ್ತು ಸುಮ್ಮನೆ ಕೂತದ್ದು ಕಂಡರೆ ಕಥೆಯಲ್ಲಿ ಒಂದು ಬೀಗ ಹಾಕಿದ ಪೆಟ್ಟಿಗೆ ಬರುತ್ತದೆ. ಪ್ಯಾಲಡಿನ್‌ಗೆ ತಕ್ಕ ಧರ್ಮಸಂಕಟವೂ ಬರುತ್ತದೆ. ಮುಂದೆ ಈ ಕ್ಲಾಸ್‌ಗಳು ಅಕ್ಷರಗಳಲ್ಲೇ ನಡೆಯುವ ಮಡ್ ಆಟಗಳಿಗೆ, ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ಬರೆದ ಡಿಕುಮಡ್‌ಗೆ, ಅಲ್ಲಿಂದ 1999ರ ಎವರ್‌ಕ್ವೆಸ್ಟ್ ಎಂಬ ಆನ್‌ಲೈನ್ ಆಟಕ್ಕೆ ಹರಿದವು. ವಿವರಣೆ ಬಂತು, ಅದನ್ನು ನಿಜ ಮಾಡುತ್ತಿದ್ದ ಮನುಷ್ಯ ಬರಲಿಲ್ಲ. ಅವರ ಜಾಗದಲ್ಲಿ ಉಳಿದದ್ದು ಅಂಕಿಗಳು: ಸೆಕೆಂಡಿಗೆ ಎಷ್ಟು ಡ್ಯಾಮೇಜ್ (ಶತ್ರುವಿಗೆ ಬೀಳುವ ಏಟು), ಮಾನಾ ಎಷ್ಟು ಹೊತ್ತು, ಸಿಟ್ಟಿನ ಪಟ್ಟಿಯಲ್ಲಿ ಯಾರು ಮೇಲೆ. ಎವರ್‌ಕ್ವೆಸ್ಟ್‌ನಲ್ಲಂತೂ ಪ್ಯಾಲಡಿನ್, ರೇಂಜರ್‌ನಂಥ ಮಿಶ್ರ ಕ್ಲಾಸ್‌ಗಳು ಲೆವೆಲ್ ಏರಲು ಉಳಿದವರಿಗಿಂತ ಹೆಚ್ಚು ಅನುಭವಾಂಕ ಗಳಿಸಬೇಕಿತ್ತು, ಆ ಹೊರೆಯ ಪಾಲು ಗುಂಪಿನ ಮೇಲೂ ಬೀಳುತ್ತಿತ್ತು. ಬಹುಮುಖ ಪ್ರತಿಭೆ ಎಂದು ಹೊಗಳಿ, ಅದಕ್ಕೇ ದಂಡ ಹಾಕಿದಂತಾಯಿತು.

ಕೆಲವೊಮ್ಮೆ ಮಾತನ್ನು ಮುರಿದದ್ದು ವಿನ್ಯಾಸವೂ ಅಲ್ಲ, ಸರ್ವರ್‌ನ ಮಿತಿ. ವಾರ್‌ಕ್ರಾಫ್ಟ್‌ನ ವಾರ್‌ಲಾಕ್ ಶಾಪ ಹಾಕಿ, ಕೊಳೆಸಿ, ಶತ್ರುವನ್ನು ನಿಧಾನವಾಗಿ ಸಾಯಿಸುವ ಮಾಂತ್ರಿಕ. ಆದರೆ ಒಂದು ಶತ್ರುವಿನ ಮೇಲೆ ಏಕಕಾಲಕ್ಕೆ ಎಂಟೇ ಡಿಬಫ್ (ಶಾಪದಂಥ ಕುಗ್ಗಿಸುವ ಪರಿಣಾಮ) ನಿಲ್ಲುತ್ತಿದ್ದವು, ಮುಂದೆ ಅದು ಹದಿನಾರಾಯಿತು. 40 ಜನ ಹೊಡೆಯುವ ಬಾಸ್ ಮೇಲೆ ಆ ಜಾಗಗಳಿಗೆ ನೂಕುನುಗ್ಗಲು. ಹಾಗಾಗಿ ರೇಡ್ ನಾಯಕರು ವಾರ್‌ಲಾಕ್‌ಗಳಿಗೆ ಒಂದು ಶಾಪ ಹಂಚಿಕೊಟ್ಟು, ಮಿಕ್ಕಂತೆ ಶ್ಯಾಡೋ ಬೋಲ್ಟ್ ಎಂಬ ನೇರ ಏಟಿನ ಮಂತ್ರ ಒಂದನ್ನೇ ಎಸೆಯುತ್ತಿರಿ ಎನ್ನುತ್ತಿದ್ದರು. ಯಾವ ಗುಣ ನೋಡಿ ಆ ಕ್ಲಾಸ್ ಆರಿಸಿಕೊಂಡರೋ ಅದೇ ಗುಣಕ್ಕೆ ಬಾಗಿಲು ಮುಚ್ಚಿತ್ತು. ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ನೋಯಿಸುವ ಪ್ರಸಂಗ ಇದು.

ಆಟಗಾರರೇ ವಿವರಣೆಯನ್ನು ಮೀರಿದ್ದೂ ಉಂಟು. ಫೈನಲ್ ಫ್ಯಾಂಟಸಿ 11 ಎಂಬ ಇನ್ನೊಂದು ಆನ್‌ಲೈನ್ ಆಟದಲ್ಲಿ ನಿಂಜಾ ಹೊಡೆಯುವುದಕ್ಕೂ ಶತ್ರುವನ್ನು ಕುಗ್ಗಿಸುವುದಕ್ಕೂ ರೂಪಿಸಿದ ಪಾತ್ರ. ಅದರ ಉತ್ಸುಸೆಮಿ ಎಂಬ ವಿದ್ಯೆ ಸುತ್ತ ನೆರಳುಗಳನ್ನು ಎಬ್ಬಿಸುತ್ತದೆ, ಬಂದ ಏಟನ್ನು ನೆರಳು ನುಂಗುತ್ತದೆ. ಇದನ್ನು ಎಡೆಬಿಡದೆ ಬಳಸಿದರೆ ಏಟೇ ತಾಗದ ಟ್ಯಾಂಕ್ ಆಗಬಹುದೆಂದು ಆಟಗಾರರು ಕಂಡುಕೊಂಡರು. ಆಮೇಲೆ ಹೊಡೆಯಲೆಂದು ನಿಂಜಾ ಆರಿಸಿದವರನ್ನೂ ಗುಂಪುಗಳು ಟ್ಯಾಂಕ್ ಆಗಿಯೇ ಕರೆದವು.

ತಿದ್ದುಪಡಿ ಒಮ್ಮೆಗೇ ಬರಲಿಲ್ಲ. ವಾರ್‌ಕ್ರಾಫ್ಟ್‌ನ 2007ರ ವಿಸ್ತರಣೆ ಬರ್ನಿಂಗ್ ಕ್ರುಸೇಡ್‌ನಲ್ಲಿ ಪ್ಯಾಲಡಿನ್‌ಗೆ ರೈಚಸ್ ಡಿಫೆನ್ಸ್ ಎಂಬ ಟಾಂಟ್ ಬಂತು, ಮೂರು ಬಗೆಯ ಕೆಲಸಕ್ಕೆ ಮೂರು ಬಗೆಯ ಕವಚವೂ ಬಂತು. ಒಟ್ಟಿಗೆ ನುಗ್ಗುವ ಹಲವು ಶತ್ರುಗಳನ್ನು ತಡೆಯುವುದರಲ್ಲಿ ಅವನನ್ನು ಮೀರಿಸಿದವರೇ ಇರಲಿಲ್ಲ. 2009ರ ಡಿಸೆಂಬರ್‌ನಲ್ಲಿ ಬಂದ, ಗುಂಪು ಕೂಡಿಸಿಕೊಡುವ ಡಂಜನ್ ಫೈಂಡರ್‌ನಲ್ಲಿ ಗುಂಪು ಸೇರುವ ಮೊದಲೇ ಟ್ಯಾಂಕ್, ಹೀಲರ್, ಡ್ಯಾಮೇಜ್ ಎಂದು ಗುರುತು ಹಾಕಬೇಕಾಯಿತು. 2010ರ ಕ್ಯಾಟಕ್ಲಿಸಮ್ ವಿಸ್ತರಣೆ ಇನ್ನೂ ಮುಂದೆ ಹೋಗಿ, ಲೆವೆಲ್ ಹತ್ತರಲ್ಲಿ ಕ್ಲಾಸ್‌ನೊಳಗಿನ ಒಂದು ದಾರಿ ಆರಿಸುವಾಗಲೇ ಅದರ ಪಾತ್ರವನ್ನೂ ಮುಖ್ಯ ಅಸ್ತ್ರಗಳನ್ನೂ ತೋರಿಸಿತು. ನಾನು ಮೆಚ್ಚುವ ತಿದ್ದುಪಡಿ ಇದೇ, ಏಕೆಂದರೆ ಇದು ಕಥೆಯ ಪಕ್ಕದಲ್ಲಿ ಕೆಲಸವನ್ನೂ ಬರೆದಿಟ್ಟಿತು. ಆದರೂ 2016ರ ಲೀಜನ್ ವಿಸ್ತರಣೆಯಲ್ಲಿ ಸರ್ವೈವಲ್ ದಾರಿಯ ಹಂಟರ್‌ಗಳು (ಬೇಟೆಗಾರರು) ಹತ್ತಿರ ನಿಂತು ಕಾದಾಡುವವರಾದರು; ದೂರದಿಂದ ಬಾಣ ಬಿಡಲೆಂದೇ ಆ ದಾರಿ ಹಿಡಿದಿದ್ದವರು ಬೇರೆ ದಾರಿ ನೋಡಿಕೊಳ್ಳಬೇಕಾಯಿತು.

ಗಿಲ್ಡ್ ವಾರ್ಸ್ 2 ಎಂಬ ಇನ್ನೊಂದು ಆನ್‌ಲೈನ್ ಆಟ ಟ್ಯಾಂಕ್, ಹೀಲರ್, ಡ್ಯಾಮೇಜ್ ಎಂಬ ಮೂರು ಪಾತ್ರಗಳನ್ನೇ ಬಿಟ್ಟುಬಿಡುತ್ತೇವೆ, ಹೀಲರ್‌ಗಾಗಿ ಯಾರೂ ಕಾಯಬೇಕಿಲ್ಲ ಎಂದು ಹೇಳಿ 2012ರಲ್ಲಿ ಬಂದಿತು. ಡಂಜನ್‌ಗಳಲ್ಲಿ ಎಲ್ಲರೂ ಡ್ಯಾಮೇಜ್ ಕವಚವನ್ನೇ ತೊಟ್ಟರು. 2015ರಲ್ಲಿ ರೇಡ್‌ಗಳು ಬಂದಾಗ ರೇಂಜರ್‌ನ ಡ್ರೂಯಿಡ್ ರೂಪ ಹೀಲರ್ ಆಯಿತು, ಮೆಸ್ಮರ್ ಕ್ಲಾಸ್‌ನ ಕ್ರೋನೋಮ್ಯಾನ್ಸರ್ ರೂಪ ಟ್ಯಾಂಕ್ ಆಯಿತು.

2019ರಲ್ಲಿ ವಾರ್‌ಕ್ರಾಫ್ಟ್ ತಯಾರಿಸಿದ ಬ್ಲಿಝರ್ಡ್ ಕಂಪನಿ ಹಳೆಯ ಆಟವನ್ನು ವಾರ್‌ಕ್ರಾಫ್ಟ್ ಕ್ಲಾಸಿಕ್ ಹೆಸರಿನಲ್ಲಿ ಮತ್ತೆ ತೆರೆದಾಗ ಹದಿನಾರು ಡಿಬಫ್‌ಗಳ ಮಿತಿಯೂ ಮರಳಿತು, ಟಾಂಟ್ ಇಲ್ಲದ ಪ್ಯಾಲಡಿನ್ನನೂ ಮರಳಿದ. ಆ ಮಿತಿಯನ್ನು ತೆಗೆದದ್ದು 2021ರ ಸೀಸನ್ ಆಫ್ ಮಾಸ್ಟರಿ ಎಂಬ ಕ್ಲಾಸಿಕ್ ಆವೃತ್ತಿಯಲ್ಲಿ. 2023ರ ನವೆಂಬರ್ 30ರಂದು ಶುರುವಾದ ಸೀಸನ್ ಆಫ್ ಡಿಸ್ಕವರಿ ಹಳೆಯ ಕ್ಲಾಸ್‌ಗಳಿಗೆ ಹೊಸ ಸಾಮರ್ಥ್ಯ ತರುವ ರೂನ್‌ಗಳನ್ನು ಕೊಟ್ಟಿತು: ಮೇಜ್ (ಮಾಂತ್ರಿಕ) ಹೀಲ್ ಮಾಡಬಹುದು, ವಾರ್‌ಲಾಕ್ ಟ್ಯಾಂಕ್ ಆಗಬಹುದು. ಪ್ಯಾಲಡಿನ್‌ಗೆ ಹ್ಯಾಂಡ್ ಆಫ್ ರೆಕನಿಂಗ್ ಎಂಬ ಟಾಂಟ್ ಕೂಡ ಅದರಲ್ಲೇ ಸಿಕ್ಕಿತು.