ಎಂಜಿನ್ ನೀರು ಕುಡಿಯುವುದಿಲ್ಲ, ಮೇಷ್ಟ್ರೇ

ಏಪ್ರಿಲ್ ಬಂತೆಂದರೆ ನಮ್ಮ ಶೆಡ್ಡಿನ ಮುಂದೆ ಹಳೇ ಗಾಡಿಗಳು ಬಾನೆಟ್ ಎತ್ತಿಕೊಂಡು ಸಾಲಾಗಿ ನಿಲ್ಲುತ್ತವೆ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಮಧ್ಯಾಹ್ನದ ಹೊತ್ತು ಎರಡು ಸಿಗ್ನಲ್ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗಿರುತ್ತದೆ. ಇಳಿದು ಬರುವವರ ಕೈಯಲ್ಲಿ ಐದು ಲೀಟರಿನ ಕ್ಯಾನು, ಬಾಯಲ್ಲಿ ಒಂದೇ ಮಾತು: "ಮೇಸ್ತ್ರಿ, ಗಾಡಿ ಸ್ವಲ್ಪ ನೀರು ಕುಡೀತದೆ. ಬೇರೇನೂ ತೊಂದ್ರೆ ಇಲ್ಲ."

ಇಪ್ಪತ್ತಾರು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಈಗಲೂ ಸಿಟ್ಟು ಬರುತ್ತದೆ.

ಎಂಜಿನ್ ಕುಡಿಯುವುದು ಪೆಟ್ರೋಲು, ಡೀಸೆಲ್ಲು. ಹಳೇದಾದ ಮೇಲೆ ಸ್ವಲ್ಪ ಆಯಿಲ್ಲೂ ಕುಡಿಯುತ್ತದೆ, ವಯಸ್ಸಾಯ್ತು, ಇರಲಿ ಎನ್ನಬಹುದು. ನೀರನ್ನು ಅದು ಯಾವ ವಯಸ್ಸಿನಲ್ಲೂ ಕುಡಿಯುವುದಿಲ್ಲ. ನೀರು ಅಲ್ಲಿರುವುದು ಸುತ್ತು ಹೊಡೆಯಲು. ಎಂಜಿನ್ನಿನಲ್ಲಿ ಬಿಸಿ ಹೊತ್ತುಕೊಂಡು ರೇಡಿಯೇಟರಿಗೆ ಬರುತ್ತದೆ, ಅಲ್ಲಿ ಗಾಳಿಗೆ ಬಿಸಿ ಬಿಟ್ಟು ವಾಪಸ್ ಹೋಗುತ್ತದೆ. ಈ ವರ್ಷ ಹಾಕಿದ ನೀರೇ ಮುಂದಿನ ವರ್ಷವೂ ಅಲ್ಲೇ ಸುತ್ತುತ್ತಿರಬೇಕು. ವಾರಕ್ಕೊಮ್ಮೆ ಅರ್ಧ ಲೀಟರ್ ಕಮ್ಮಿಯಾಗುತ್ತಿದ್ದರೆ ಅದು ಎಲ್ಲೋ ಹೋಗುತ್ತಿದೆ ಅಂತ ಅರ್ಥ. ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳುವುದಿಲ್ಲ. ಮೇಲೆ ಇನ್ನೊಂದು ಲೀಟರ್ ಸುರಿಯುತ್ತಾರೆ, ಅಷ್ಟೇ. ಮನೆಯ ಟ್ಯಾಂಕು ದಿನಾ ಖಾಲಿಯಾದರೆ ನಲ್ಲಿ ಹುಡುಕುವ ಜನ, ಗಾಡಿಯ ವಿಷಯಕ್ಕೆ ಬಂದರೆ ಕ್ಯಾನು ಹುಡುಕುತ್ತಾರೆ.

ಹೋದ ವರ್ಷ ಒಬ್ಬ ನಿವೃತ್ತ ಮೇಷ್ಟ್ರು ಮಾರುತಿ 800 ತಂದರು, 1998ರದ್ದು. ಗಣಿತದ ಮೇಷ್ಟ್ರು. ಡ್ಯಾಶ್‌ಬೋರ್ಡಿನಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟರು. ಸ್ಕೇಲಿನಲ್ಲಿ ಗೆರೆ ಎಳೆದಿದ್ದರು. ತಾರೀಕು, ಕಿಲೋಮೀಟರು, ಪೆಟ್ರೋಲು. ನಾಲ್ಕನೇ ಕಾಲಂ ನೀರು! ಪೆಟ್ರೋಲಿನ ಹಾಗೇ ನೀರಿಗೂ ಲೆಕ್ಕ. ಫೆಬ್ರುವರಿಯಲ್ಲಿ ವಾರಕ್ಕೆ ಕಾಲು ಲೀಟರ್, ಮಾರ್ಚಿನಲ್ಲಿ ಅರ್ಧ, ಏಪ್ರಿಲ್ಲಿನಲ್ಲಿ ಒಂದೂವರೆ. ನನಗೆ ನಗು ಬಂತು. ಆಮೇಲೆ ಕೂತು ಓದಿದಾಗ ನಗು ನಿಂತಿತು. ಇಷ್ಟು ಒಳ್ಳೇ ರಿಪೋರ್ಟು ಯಾವ ಗಿರಾಕಿಯೂ ತಂದುಕೊಟ್ಟಿರಲಿಲ್ಲ.

ಊರೊಳಗೆ ಓಡಾಡಿದ ದಿನ ನೀರಿನ ಕಾಲಂ ಸೊನ್ನೆ. ಗಾಡಿ ಮನೆ ಮುಂದೆ ಸುಮ್ನೆ ನಿಂತ ದಿನವೂ ಸೊನ್ನೆ. ಚಿತ್ರದುರ್ಗದಲ್ಲಿರುವ ಮಗಳ ಮನೆಗೆ ಹೋಗಿಬಂದ ದಿನ ಮಾತ್ರ ಲೀಟರು, ಒಂದೂವರೆ ಲೀಟರು. ಹೋಸು ಒಡೆದಿದ್ದರೆ ನಿಂತ ದಿನವೂ ಒಂದಿಷ್ಟು ತೊಟ್ಟಿಕ್ಕಬೇಕಿತ್ತು, ಅಲ್ವಾ? ಇದು ಹೈವೇಯಲ್ಲಿ ಎಂಜಿನ್ ಪೂರ್ತಿ ಕಾದು, ಒಳಗೆ ಪ್ರೆಷರ್ ಏರಿದಾಗ ಮಾತ್ರ ಹೋಗುವ ನೀರು. ಇಲ್ಲಿಂದ ದುರ್ಗದ ಕಡೆಗೆ ರಸ್ತೆ ಕಣ್ಣಿಗೆ ಸಪಾಟು ಕಾಣುತ್ತದೆ. ಆದರೆ ದುರ್ಗ ನಮ್ಮೂರಿಗಿಂತ ನೂರು ಮೀಟರಿಗೂ ಮೇಲಿದೆ, ಹೋಗುತ್ತಾ ಏರುತ್ತಲೇ ಇರುತ್ತೀರಿ.

ಮೇಷ್ಟ್ರು ನನ್ನನ್ನು ಮೇಸ್ತ್ರಿ ಅಂತಾರೆ, ನಾನು ಅವರನ್ನು ಮೇಷ್ಟ್ರೇ ಅಂತೀನಿ. ಪಕ್ಕದಲ್ಲಿ ನಿಂತವರಿಗೆ ಯಾರು ಯಾರನ್ನು ಕರೆದರು ಅಂತ ಗೊತ್ತಾಗುವುದಿಲ್ಲ.

"ರೇಡಿಯೇಟರ್ ಮುಚ್ಚಳ ಯಾವಾಗ ಬದಲಾಯಿಸಿದ್ರಿ ಮೇಷ್ಟ್ರೇ?"

"ಮುಚ್ಚಳಾನ? ಅದಿನ್ನೂ ಗಟ್ಟಿಯಾಗಿದೆಯಲ್ಲಪ್ಪ."

ಇಲ್ಲೇ ಎಲ್ಲರೂ ಎಡವುವುದು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ರೇಡಿಯೇಟರ್ ಮುಚ್ಚಳ ಅಂದರೆ ಡಬ್ಬಿಯ ಮುಚ್ಚಳ ಅಲ್ಲ. ಅದು ಕುಕ್ಕರಿನ ವೆಯ್ಟ್ ಮತ್ತು ಗ್ಯಾಸ್ಕೆಟ್ ಎರಡೂ ಸೇರಿದ ವಾಲ್ವು. ಸಮುದ್ರದ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ನಮ್ಮ ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ 98ಕ್ಕೇ ಕುದಿಯುತ್ತದೆ. ಎಂಜಿನ್ ಆರೋಗ್ಯವಾಗಿದ್ದಾಗಲೇ ನೀರು 85, 90 ಡಿಗ್ರಿಯಲ್ಲಿರುತ್ತದೆ. ಬಿಸಿಲಲ್ಲಿ ಎ.ಸಿ. ಹಾಕಿಕೊಂಡು ನಾಲ್ಕು ಜನ ಕೂತು ಏರು ಹತ್ತಿದರೆ ನೂರು ದಾಟುವುದು ದೊಡ್ಡ ವಿಷಯವಲ್ಲ. ಹಾಗಿದ್ದರೂ ಕುದಿಯುವುದಿಲ್ಲ ಯಾಕೆ? ಮುಚ್ಚಳ ಒತ್ತಿ ಹಿಡಿದಿರುತ್ತದೆ. ಎಷ್ಟು ಪ್ರೆಷರ್‌ವರೆಗೆ ಹಿಡಿಯುತ್ತದೆ ಅನ್ನುವುದಕ್ಕೆ ಮುಚ್ಚಳದ ತಲೆ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ನೋಡಿ. 0.9ರ ಒಳ್ಳೇ ಮುಚ್ಚಳ ಇದ್ದರೆ ನಮ್ಮೂರಲ್ಲಿ ನೀರು ಹೆಚ್ಚುಕಮ್ಮಿ 118 ಡಿಗ್ರಿವರೆಗೂ ಕುದಿಯದೆ ತಡೆಯುತ್ತದೆ. ಮುಚ್ಚಳದ ರಬ್ಬರ್ ಸತ್ತರೆ ಮತ್ತೆ 98ಕ್ಕೇ ಬಂದಿರಿ. ಇಪ್ಪತ್ತು ಡಿಗ್ರಿ ಕೈಬಿಟ್ಟು ಹೋಯ್ತು. ರೇಡಿಯೇಟರ್ ಚೆನ್ನಾಗಿದೆ, ಫ್ಯಾನ್ ಚೆನ್ನಾಗಿದೆ, ಆದರೂ ಗಾಡಿ ಕುದಿಯುತ್ತದೆ.

ಮುಚ್ಚಳದ ಹೊಟ್ಟೆಯಲ್ಲಿ ಇನ್ನೊಂದು ಪುಟ್ಟ ವಾಲ್ವು ಇದೆ. ಬಿಸಿಗೆ ಹಿಗ್ಗಿದ ನೀರು ದೊಡ್ಡ ವಾಲ್ವು ಎತ್ತಿಕೊಂಡು ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಹೋಗುತ್ತದೆ. ಎಂಜಿನ್ ತಣ್ಣಗಾದಾಗ ಈ ಪುಟ್ಟ ವಾಲ್ವು ತೆರೆದು ಅದೇ ನೀರನ್ನು ವಾಪಸ್ ಎಳೆದುಕೊಳ್ಳಬೇಕು. ಅದು ತುಕ್ಕು ಹಿಡಿದು ಅಂಟಿಕೊಂಡರೆ ಹೋದ ನೀರು ಹೋಯ್ತು. ಬಾಟಲಿ ತುಂಬಿ ಚೆಲ್ಲುತ್ತದೆ, ರೇಡಿಯೇಟರ್ ಖಾಲಿಯಾಗುತ್ತದೆ. ಮೇಷ್ಟ್ರ ಗಾಡಿಯಲ್ಲಿ ಆಗಿದ್ದು ಇದೇ. ಬಾಟಲಿ ಕುತ್ತಿಗೆವರೆಗೂ ತುಂಬಿತ್ತು. ಅದರ ಬಾಯಿಂದ ಕೆಳಗೆ ಕಂದು ಕಲೆ ಇಳಿದಿತ್ತು, ಎಲೆ ಅಡಿಕೆ ಉಗಿದ ಗೋಡೆಯ ಹಾಗೆ. "ಬಾಟಲಿ ತುಂಬಿದೆಯಲ್ಲ, ನೀರಿದೆ ಅಂದುಕೊಂಡೆ" ಅಂದರು ಮೇಷ್ಟ್ರು. ಮುಚ್ಚಳ ತಿರುಗಿಸಿ ತೋರಿಸಿದೆ. ರಬ್ಬರು ಚನ್ನಗಿರಿ ಅಡಿಕೆಯಷ್ಟು ಗಟ್ಟಿ. ಉಗುರು ಒತ್ತಿದರೆ ಗುರುತೇ ಬೀಳಲಿಲ್ಲ.

ಬಾಟಲಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ವಾರಕ್ಕೊಮ್ಮೆ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಬೆರಳು ಅದ್ದಿ. ಬೆಳಿಗ್ಗೆ ಅಂದಿದ್ದು ಯಾಕೆ ಅಂದರೆ ಬಿಸಿ ಇದ್ದಾಗ ತೆಗೆದವನ ಗತಿ ನನ್ನ ಬಲಗೈ ಮೇಲಿದೆ, ಮಣಿಕಟ್ಟಿನಿಂದ ಮೊಣಕೈವರೆಗೆ. ಆಗ ನನಗೆ ಹತ್ತೊಂಬತ್ತು, ಅವಸರ ಜಾಸ್ತಿ. ಒಂದು ಮಾತು, ಎಲ್ಲಾ ಗಾಡಿಗಳಿಗೂ ರೇಡಿಯೇಟರ್ ಮೇಲೆ ಮುಚ್ಚಳ ಇರುವುದಿಲ್ಲ. ಕೆಲವಕ್ಕೆ ಬಾಟಲಿಯ ಮುಚ್ಚಳವೇ ಪ್ರೆಷರ್ ಮುಚ್ಚಳ. ನಿಮ್ಮದು ಯಾವುದು ಅಂತ ಮೊದಲು ಕೇಳಿಕೊಳ್ಳಿ.

ಉಳಿದ ರೋಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಂತಾಗ ಬಿಸಿಯಾಗಿ, ಓಡುವಾಗ ಸರಿಯಿದ್ದರೆ ಫ್ಯಾನ್ ಕಡೆ ನೋಡಿ. ಮೋಟಾರು, ರಿಲೇ, ಫ್ಯೂಸು, ಫ್ಯಾನ್ ಸ್ವಿಚ್ಚು. ಸುಮೋ, ಬೊಲೆರೋ ಥರದವಾದರೆ ಬೆಲ್ಟು ಮತ್ತು ಫ್ಯಾನ್ ಕ್ಲಚ್ಚು. ಊರಲ್ಲಿ ಸರಿಯಿದ್ದು ಹೈವೇಯಲ್ಲಿ, ಏರಿನಲ್ಲಿ ಬಿಸಿಯಾದರೆ ನೀರಿನ ಓಟ ಕಮ್ಮಿಯಾಗಿದೆ, ಇಲ್ಲವೇ ರೇಡಿಯೇಟರ್ ಕಟ್ಟಿದೆ. ನಮ್ಮ ಕಡೆ ಇನ್ನೊಂದು ಕಾರಣವೂ ಉಂಟು. ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆ ಮೇಲೇ ಕಾಳು ಹರಡಿರುತ್ತಾರೆ. ಆ ಹೊಟ್ಟು ಹಾರಿ ಬಂದು ರೇಡಿಯೇಟರಿನ ರೆಕ್ಕೆಗಳ ನಡುವೆ ಕೂರುತ್ತದೆ. ಒಳಗಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಗನ್ ಹಿಡಿದರೆ ರೆಕ್ಕೆ ಮಡಚಿಕೊಂಡು, ಇದ್ದ ದಾರಿಯೂ ಮುಚ್ಚುತ್ತದೆ.

ಥರ್ಮೋಸ್ಟಾಟ್ ಕಿತ್ತು ಬಿಸಾಡಿಸಿಕೊಂಡು ಬರುವವರಿಗೂ ಒಂದು ಮಾತು. ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವು ಅದು. "ನಮ್ಮ ಸೆಕೆಗೆ ಅದು ಬೇಡ ಅಂದ್ರು" ಅಂತಾರೆ. ಕಿತ್ತರೆ ಹೈವೇಯಲ್ಲಿ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಮೈಲೇಜ್ ಬೀಳುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ತೆರೆದೇ ಉಳಿದು, ನೀರು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತಿ ಇನ್ನೂ ಜಾಸ್ತಿ ಬಿಸಿಯಾಗುತ್ತದೆ. ಅನುಮಾನ ಇದ್ದರೆ ಅದನ್ನು ದಾರಕ್ಕೆ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಕೆಳಗೆ ಒಲೆ ಹಚ್ಚಿ. ಬಾಯಿ ಬಿಟ್ಟರೆ ಬದುಕಿದೆ. ನೀರು ಕೊತ ಕೊತ ಕುದಿದರೂ ಬಿಡದಿದ್ದರೆ ಹೊಸದು ಹಾಕಿಸಿ. ಮನೆಯವರ ಹಾಲಿನ ಪಾತ್ರೆ ಮಾತ್ರ ತಗೋಬೇಡಿ.

ಇನ್ನು ಬೋರಿನ ನೀರು. ನಿಮ್ಮ ಬಚ್ಚಲಿನ ಹಂಡೆಯೊಳಗೆ ಕೈ ಹಾಕಿ ನೋಡಿ, ಬಿಳೀ ಹಿಟ್ಟು ಕಟ್ಟಿರುತ್ತದೆ. ಅದೇ ಹಿಟ್ಟು ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ದಿನಾ ಒಂದು ಲೀಟರ್ ಬೋರಿನ ನೀರು ಸುರಿಯುವವನು ದಿನಾ ಒಂದು ಚಿಟಿಕೆ ಸುಣ್ಣವನ್ನೂ ಹಾಕುತ್ತಿದ್ದಾನೆ. ಜೊತೆಗೆ ತುಕ್ಕು. ಚಳ್ಳಕೆರೆ ಕಡೆಯ ಒಂದು ಜೀಪಿನ ವಾಟರ್ ಪಂಪ್ ಬಿಚ್ಚಿದ್ದೆ. ನೀರು ತಳ್ಳುವ ಚಕ್ರದ ಎಲೆಗಳು ಅರ್ಧಕ್ಕರ್ಧ ತಿಂದು ಹೋಗಿದ್ದವು. ಪಂಪು ತಿರುಗುತ್ತಿತ್ತು, ನೀರು ಕದಲುತ್ತಿರಲಿಲ್ಲ. ನೀರು ಹೆಪ್ಪುಗಟ್ಟದ ಹಾಗೆ ಬೆರೆಸುವ ದ್ರವಕ್ಕೆ ಕೂಲಂಟ್ ಅಂತಾರೆ. "ನಮ್ಮೂರಲ್ಲಿ ಹಿಮ ಬೀಳಲ್ಲ, ಕೂಲಂಟ್ ಯಾಕೆ?" ಅಂತ ಕೇಳುತ್ತಾರೆ. ತುಕ್ಕಿಗೆ ಸ್ವಾಮೀ, ತುಕ್ಕಿಗೆ. ನೀರು ಕುದಿಯುವುದನ್ನೂ ಅದು ಇನ್ನಷ್ಟು ತಡಮಾಡುತ್ತದೆ. ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಬಸಿದ ಹಳೇ ಕೂಲಂಟನ್ನು ತಟ್ಟೆಯಲ್ಲಿ ಬಿಡಬೇಡಿ. ರುಚಿ ಸಿಹಿ, ಒಳಗೆ ವಿಷ. ಬೀದಿನಾಯಿ ನೆಕ್ಕಿದರೆ ಸಾಯುತ್ತದೆ.

ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸುವವರೂ ಇದ್ದಾರೆ. ಮಧ್ಯರಾತ್ರಿ ಹಿರಿಯೂರಿನ ಆಚೆ ಕೈಕೊಟ್ಟರೆ ಹಾಕಿಕೊಂಡು ಮನೆ ಸೇರಿ, ನಾನೇನೂ ಅನ್ನುವುದಿಲ್ಲ. ಅದನ್ನೇ ರಿಪೇರಿ ಅಂದುಕೊಂಡು ಆರು ತಿಂಗಳು ಓಡಿಸಬೇಡಿ.

ನೀರು ಖಾಲಿಯಾದ ಮೇಲೆ ನಡೆಯುವ ಒಂದು ಮೋಸ ನಿಮಗೆ ಗೊತ್ತಿರಲಿ. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಜನ ತುಂಬಿಕೊಂಡು ಹೋಗಿದ್ದ ಸುಮೋ ಒಂದು ಟೋ ಮಾಡಿಸಿಕೊಂಡು ಬಂತು. ಓಡಿಸುತ್ತಿದ್ದವನು ಇಪ್ಪತ್ತೆರಡರ ಹುಡುಗ. "ಅಂಕಲ್, ಮುಳ್ಳು ಕೆಂಪಿಗೆ ಹೋಗಿತ್ತು. ಆಮೇಲೆ ತಾನೇ ಇಳೀತು. ತಣ್ಣಗಾಯ್ತು ಅಂತ ಜೋರಾಗಿ ಬಿಟ್ಟೆ" ಅಂದ. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸಾರ್ ಇರುವುದು ನೀರಿನೊಳಗೆ. ನೀರು ಮುಗಿದು ಅದು ಬರೀ ಆವಿಯಲ್ಲಿ ನೇತಾಡಿದರೆ ಮುಳ್ಳು ಇಳಿಯುತ್ತದೆ. ಕೆಂಪಿಗೆ ಹೋದ ಮುಳ್ಳು ನೀವು ಏನೂ ಮಾಡದೆ ಇಳಿದರೆ ತಕ್ಷಣ ಬದಿಗೆ ಹಾಕಿ ಆಫ್ ಮಾಡಿ. ಆ ಹುಡುಗ ಇನ್ನೂ ಆರೇಳು ಕಿಲೋಮೀಟರ್ ಓಡಿಸಿದ್ದ. ಪಿಸ್ಟನ್ ಹಿಡಿದುಕೊಂಡಿತ್ತು. ಅವನ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ, ಟೀ ತರಿಸಿಕೊಟ್ಟೆ.

ನೀರಿದ್ದೂ ಮುಳ್ಳು ಏರುತ್ತಿದ್ದರೆ ಎ.ಸಿ. ಬಂದ್ ಮಾಡಿ, ಹೀಟರ್ ಫುಲ್ ಇಡಿ, ಕಿಟಕಿ ಇಳಿಸಿ. ಹೀಟರ್ ಕೂಡ ಒಂದು ಚಿಕ್ಕ ರೇಡಿಯೇಟರೇ. ಏಪ್ರಿಲ್ಲಿನಲ್ಲಿ ಹೀಟರ್ ಹಾಕು ಅಂದರೆ ಮನೆಯವರು ಹುಚ್ಚು ಅಂತಾರೆ, ಅನ್ನಲಿ. ನಿಲ್ಲಿಸಿದ ಮೇಲೆ ಕಡೇಪಕ್ಷ ಮುಕ್ಕಾಲು ಗಂಟೆ ಮುಟ್ಟಬೇಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಭಾಗ, ಸೀಳಬಹುದು.

ಮೇಷ್ಟ್ರ ಗಾಡಿಗೆ ಹೊಸ ಮುಚ್ಚಳ ಹಾಕಿ ಕಳಿಸಿದೆ. ಮುನ್ನೂರು ರೂಪಾಯಿಯ ಒಳಗೇ ಮುಗಿಯಿತು. ಮುಗಿಯಿತು ಅಂತ ನಾನೂ ಅಂದುಕೊಂಡೆ. ಹದಿನೈದು ದಿನಕ್ಕೆ ನೋಟ್‌ಬುಕ್ ಸಮೇತ ವಾಪಸ್ ಬಂದರು. ಒಂದೂವರೆ ಲೀಟರಿನ ಜಾಗದಲ್ಲಿ ಕಾಲು ಲೀಟರ್. ಕಮ್ಮಿಯಾಗಿದೆ, ನಿಂತಿಲ್ಲ. ಮುಚ್ಚಳ ತೆಗೆದು, ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ ರೇಡಿಯೇಟರಿನ ಬಾಯಿಗೆ ಬಗ್ಗಿ ನೋಡಿದೆ. ಮೊದಲು ಒಂದೆರಡು ಗುಳ್ಳೆ. ಅದಕ್ಕೆ ಏನೂ ಹೇಳಲಾಗುವುದಿಲ್ಲ, ಒಳಗೆ ಸಿಕ್ಕ ಗಾಳಿಯೂ ಹಾಗೆ ಬರುತ್ತದೆ. ಹತ್ತು ನಿಮಿಷವಾದರೂ ಗುಳ್ಳೆ ನಿಲ್ಲಲಿಲ್ಲ. ಎಕ್ಸಲೇಟರ್ ಕೊಟ್ಟಾಗೆಲ್ಲ ಜಾಸ್ತಿಯಾಯಿತು. ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿತ್ತು.

ಹೆಡ್ ಇಳಿಸಿದೆವು. ಸೊಟ್ಟಗಾಗಿದೆಯಾ ನೋಡಲು ನೇರ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಹಾಕಿದೆ. 0.05 ಮಿಲಿಮೀಟರಿನ ಎಲೆ ನುಗ್ಗಿದರೇ ನಾನು ಲೇತಿಗೆ ಕಳಿಸುತ್ತೇನೆ. ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ 0.10ರದ್ದು ಆರಾಮಾಗಿ ಹೋಯಿತು. ಅಲ್ಲೇ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಸುಟ್ಟು ಕಪ್ಪು ಗೆರೆ ಬಿದ್ದಿತ್ತು, ಉಗುರಿನ ಅಗಲ. ಮುಚ್ಚಳ ಕೆಟ್ಟಿದ್ದು ಬಹುಶಃ ಫೆಬ್ರುವರಿಯಲ್ಲಿ. ಆಮೇಲಿನ ಎರಡು ತಿಂಗಳು ಅರೆಬರೆ ನೀರಿನಲ್ಲಿ ದುರ್ಗಕ್ಕೆ ಓಡಾಡಿ ಹೆಡ್ ಸೊಟ್ಟಗಾಗಿತ್ತು. ಹಾಗಂತ ಖಂಡಿತವಾಗಿ ಹೇಳಲಾರೆ. ಹಳೇ ಗಾಡಿ, ಮೊದಲೇ ಸ್ವಲ್ಪ ಬಾಗಿದ್ದಿರಲೂಬಹುದು. ಬಿಲ್ಲು ಐದಂಕಿ ಮುಟ್ಟಿತು. ಮೇಷ್ಟ್ರು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಕೆಂಪು ಪೆನ್ನಿನಲ್ಲಿ.

ಆಮೇಲೆ ಒಂದು ವರ್ಷ ನೀರಿನ ಕಾಲಂ ಸೊನ್ನೆ. ಇವತ್ತು ಬೆಳಿಗ್ಗೆ ಫೋನ್ ಬಂತು.

"ಮೇಸ್ತ್ರಿ, ಬೆರಳು ಅದ್ದಿ ನೋಡಿದೆ. ಅರ್ಧ ಇಂಚು ಇಳಿದಿದೆ. ನೀರು ಹಾಕಿಲ್ಲ, ಹಾಗೇ ಬಿಟ್ಟಿದ್ದೀನಿ."

ಎಷ್ಟು ಖುಷಿಯಾಯಿತು ಅಂದರೆ, ಅರ್ಧ ಇಂಚಿನ ಚಿಂತೆಯೇ ಮರೆತುಹೋಯಿತು. "ಒಳ್ಳೇದು ಮೇಷ್ಟ್ರೇ, ಅಷ್ಟು ಇಳಿದಿದ್ರೂ ಇಲ್ಲಿತನಕ ಬರೋಕೆ ಏನೂ ಆಗಲ್ಲ. ನಾಳೆ ಬೆಳಿಗ್ಗೆ ತನ್ನಿ. ಆದರೆ ಎಂಜಿನ್ ತಣ್ಣಗಿರಬೇಕು, ಸ್ಟಾರ್ಟ್ ಮಾಡಿರಬಾರದು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಸ್ಟಾರ್ಟ್ ಮಾಡದೆ ಹೆಂಗಪ್ಪ ತರಲಿ?"

ಗಣಿತದ ಮೇಷ್ಟ್ರಲ್ಲವೇ. ಇವತ್ತು ಸಂಜೆಯೇ ತಂದು ಶೆಡ್ಡಿನಲ್ಲಿ ಬಿಟ್ಟು ಹೋಗಿದ್ದಾರೆ. ನೋಟ್‌ಬುಕ್ ಸೀಟಿನ ಮೇಲಿದೆ.